ಪಕ್ಕದ ಸೀಟಿನಲ್ಲಿ ಕೇಶವ

"ಬ್ರೇಕ್! ಬ್ರೇಕ್ ಹೊಡಿ ರಂಜನಿ! ಬ್ರೇಕ್ ಅಂದ್ರೆ ಬ್ರೇಕ್ ಕಣೇ!!"

ಕಾರು ಮುಗ್ಗರಿಸಿ ನಿಂತಿತು. ಎದುರಿಗೆ ಹೂವಿನ ಮೂಟೆ ಹೇರಿಕೊಂಡು ಬರುತ್ತಿದ್ದ ಟೆಂಪೋ ಇನ್ನೂ ಅಷ್ಟು ದೂರದಲ್ಲಿತ್ತು. ಕಾರನ್ನು ನಿಲ್ಲಿಸಿದ್ದು ರಂಜನಿಯ ಕಾಲಲ್ಲ, ಕೇಶವನ ಕೈ. ಹ್ಯಾಂಡ್‌ಬ್ರೇಕನ್ನು ಬೇರುಸಮೇತ ಕೀಳುವವನ ಹಾಗೆ ಎಳೆದು ಹಿಡಿದಿದ್ದ.

"ಕಣ್ಣು ಎಲ್ಲಿಟ್ಟಿದ್ದೆ? ಎಮ್ಮೆಗೆ ಹೇಳಿದ್ರೂ ಇಷ್ಟು ಹೊತ್ತಿಗೆ ಅರ್ಥ ಆಗ್ತಿತ್ತು!"

ಎಮ್ಮೆ...!

ರಂಜನಿ ಮೆಲ್ಲಗೆ ತಿರುಗಿ ಅವನ ಮುಖ ನೋಡಿದಳು. ಕೆಂಪೇರಿದ ಕಿವಿ, ಬಿಗಿದ ದವಡೆ, ಹಣೆಯ ಮೇಲೆ ಉಬ್ಬಿದ ನರ. ಯಾರು ಈ ಮನುಷ್ಯ? ಇವನನ್ನು ಅವಳು ನೋಡುತ್ತಿರುವುದು ಇದೇ ಮೊದಲು!

ಅವಳು 'ಹೂಂ' ಅಂದಿದ್ದು ಬೇರೆ ಕೇಶವನಿಗೆ. ಹೆಣ್ಣು ನೋಡಲು ಬಂದ ದಿನ ಮನೆಯವರೆಲ್ಲ ತಲೆಗೊಂದು ಪ್ರಶ್ನೆ ಕೇಳುತ್ತಿದ್ದಾಗ, "ಅವ್ರಿಗೂ ಏನಾದ್ರೂ ಕೇಳೋದಿರಬಹುದು, ಸ್ವಲ್ಪ ಬಿಡಿ" ಅಂದವನು. ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಎಂಜಿನಿಯರ್. ಗೌರಿಬಿದನೂರಿನಲ್ಲಿ ಮನೆ. ಶ್ರಾವಣದಲ್ಲಿ ನಿಶ್ಚಿತಾರ್ಥ ಆಗಿತ್ತು, ಕಾರ್ತಿಕದಲ್ಲಿ ಮದುವೆ.

ಡ್ರೈವಿಂಗ್ ಕಲಿ ಅಂತ ಹೇಳಿದ್ದೂ ಅವನೇ. ರಂಜನಿ ದಿಬ್ಬೂರಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು. ಎರಡನೆಯದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಓಡಿಕೊಂಡು ಹೋದರೂ ಹೆಡ್‌ಮಾಸ್ಟರ್ ಗೇಟಿನಲ್ಲೇ ನಿಂತು, "ಏನ್ ಮೇಡಂ, ಇವತ್ತೂ ಪ್ರೇಯರ್ ಮುಗೀತಲ್ಲ!" ಅನ್ನುತ್ತಿದ್ದರು.

"ಇನ್ಮೇಲೆ ಯಾರ ಹತ್ರಾನೂ ಅನ್ನಿಸ್ಕೋಬೇಡ. ಭಾನುವಾರ ಭಾನುವಾರ ನಾನೇ ನನ್ನ ಕಾರು ತಂದು ಕಲಿಸ್ತೀನಿ" ಅಂದಿದ್ದ ಕೇಶವ. ಎಷ್ಟು ಖುಷಿಯಾಗಿತ್ತು ಅವಳಿಗೆ! ಮಾರನೇ ದಿನವೇ ಕಲಿಯುವವರ ಲೈಸೆನ್ಸಿಗೆ ಅರ್ಜಿ ಹಾಕಿದ್ದಳು.

ಈಗ ನೋಡಿದರೆ...

"ಇಳಿ, ನಾನು ಓಡಿಸ್ತೀನಿ" ಅಂದ ಕೇಶವ.

ಇಳಿದಳು. ಊರೊಳಗೆ ಬಂದ ಮೇಲೆ ಅವನ ಸಿಟ್ಟು ಹಾಲಿನ ನೊರೆಯ ಹಾಗೆ ಇಳಿದುಹೋಯಿತು. ಹೋಟೆಲಿನ ಮುಂದೆ ನಿಲ್ಲಿಸಿ ಕಾಫಿ ತಂದುಕೊಟ್ಟ. "ಸಾರಿ ಕಣೇ... ಬಾಯಿಗೆ ಬಂದಂಗೆ ಅಂದ್ಬಿಟ್ಟೆ."

"ಪರವಾಗಿಲ್ಲ ಬಿಡಿ" ಅಂದಳು.

ಮುಂದಿನ ಭಾನುವಾರವೂ ಅದೇ ಕೂಗು. ಅದೇ ಕಾಫಿ. ಅದೇ ಸಾರಿ. ಅದೇ ಪರವಾಗಿಲ್ಲ.

ಇದೆಂಥ ಹಣೆಬರಹ! ಕ್ಲಚ್ ಹೇಗೆ ಕೆಲಸ ಮಾಡುತ್ತದೆ ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ಮಕ್ಕಳಿಗೆ ಅರ್ಥ ಮಾಡಿಸುವವಳು ಅವಳು. ಅದೇ ಕ್ಲಚ್ಚು ಕಾಲಿನ ಕೆಳಗೆ ಬಂದರೆ ಕಾಲು ಮರಗಟ್ಟುತ್ತಿತ್ತು. ಗೇರ್ ಹಾಕುವ ಮುಂಚೆಯೇ ಬೈಗುಳಕ್ಕೆ ಹೆಗಲು ಕುಗ್ಗುತ್ತಿತ್ತು. 'ನಾನೇ ದಡ್ಡೀನಾ? ನನ್ನ ಕೈಲಿ ಆಗೋದೇ ಇಲ್ವಾ?'

ಸ್ಟಾಫ್ ರೂಮಿನಲ್ಲಿ ಸೌಜನ್ಯ ಒಬ್ಬಳಿಗೇ ಇದನ್ನೆಲ್ಲ ಹೇಳಿದಳು. ಸೌಜನ್ಯ ಗಣಿತದ ಮೇಡಂ, ಗೆಳತಿ.

"ಅಯ್ಯೋ, ದಸರಾ ರಜೆ ಬರ್ತಿದೆಯಲ್ಲೇ! ಚಿಕ್ಕಬಳ್ಳಾಪುರದಲ್ಲೇ ಹತ್ತು ದಿನದ ಇಂಟೆನ್ಸಿವ್ ಕೋರ್ಸ್ ಮಾಡ್ತಾರೆ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಓಡಿಸ್ತಾರೆ. ರೂಪ ಅಂತ ಒಂದು ಹುಡುಗಿ ಕಲಿಸ್ತಾಳೆ. ಸೇರ್ಕೊಂಡ್ಬಿಡು!"

"ಕೇಶವ್ ಏನಂದ್ಕೋತಾರೋ..."

"ಕಾರು ಓಡಿಸೋಳು ನೀನಾ, ಅವ್ರಾ?"

ಹೇಳುವುದು ಸುಲಭ. ಮನೆಯಲ್ಲಿ ವಿಷಯ ತೆಗೆದಿದ್ದೇ ತಡ, ಅಮ್ಮ ವಿಶಾಲಾಕ್ಷಮ್ಮ ಕೈಲಿದ್ದ ಸೌಟು ಕೆಳಗಿಟ್ಟರು.

"ಕೈ ಹಿಡಿಯೋ ಗಂಡೇ ಬಂದು ಕಲಿಸ್ತಿರೋವಾಗ ಬೇರೆಯವರ ಹತ್ರ ಹೋಗ್ತಾರೇನಮ್ಮ? ಗೌರಿಬಿದನೂರಿನವರು ಏನಂದ್ಕೊಂಡಾರು? ಗಂಡಸರು ಅಂದ್ಮೇಲೆ ಒಂದು ಮಾತು ಆಡ್ತಾರೆ, ಅಷ್ಟಕ್ಕೆಲ್ಲ..."

ರಂಜನಿ ಅಪ್ಪನ ಕಡೆ ನೋಡಿದಳು. ನಿವೃತ್ತ ಗುಮಾಸ್ತ ಯೋಗನರಸಿಂಹ ಪೇಪರಿನಿಂದ ತಲೆ ಎತ್ತಲಿಲ್ಲ.

ಸೇರುವುದೋ, ಬಿಡುವುದೋ? ಬಸ್ಸಿನಲ್ಲಿ, ಪಾಠದ ಮಧ್ಯೆ, ಊಟದ ಮುಂದೆ ಇದೇ ಯೋಚನೆ. ಸೇರಿದರೆ ಅವನಿಗೆ ಅವಮಾನ. ಸೇರದಿದ್ದರೆ ತನಗೆ. ಸೇರಿಯೂ ಕಲಿಯದಿದ್ದರೆ? ಆಗ 'ಎಮ್ಮೆ' ಅನ್ನುವುದು ನಿಜವೇ ಆಗಿಬಿಡುತ್ತಲ್ಲ!

ಛೆ! ಒಂದು ಡ್ರೈವಿಂಗ್ ಕ್ಲಾಸಿಗೆ ಇಷ್ಟೊಂದು ಒದ್ದಾಟವಾ?

ಕೊನೆಗೆ ಅವನನ್ನೇ ಕೇಳೋಣ ಅಂದುಕೊಂಡಳು. ಭಾನುವಾರ ಕೇಶವ ಬಂದಾಗ ಕಾರಿನ ಹತ್ತಿರವೇ ನಿಂತು ಹೇಳಿದಳು.

ಅವನ ಮುಖ ಸಪ್ಪಗಾಯಿತು. "ಅಂದ್ರೆ... ನಾನು ಕಲ್ಸೋದು ಸರಿ ಇಲ್ಲ ಅಂತಾನಾ?"

"ಕಲ್ಸೋದಲ್ಲ. ನೀವು ಕೂಗೋದು."

"ನಿನ್ನ ಒಳ್ಳೇದಕ್ಕೇ ಕೂಗೋದು! ರೋಡಲ್ಲಿ ಲಾರಿಯವನು ಬಂದು ಪೂಸಿ ಹೊಡೀತಾನಾ? ಹತ್ತು ದಿನದಲ್ಲಿ ಯಾರಿಗೂ ಡ್ರೈವಿಂಗ್ ಬರಲ್ಲ ರಂಜನಿ. ಆದ್ರೂ ಸೇರ್ಕೋ. ನಿಂಗೆ ನನ್ನ ಮೇಲೆ ನಂಬಿಕೆ ಇಲ್ಲ ಅಂದ್ಮೇಲೆ ನಾನ್ಯಾಕೆ ಪ್ರತಿ ವಾರ ಇಷ್ಟು ದೂರ ಬರ್ಲಿ?"

ಬಾಗಿಲು ದಡ್ ಅಂತು. ಕಾರು ಹೊರಟುಹೋಯಿತು.

ಆ ಸಂಜೆ ಫೋನಿಲ್ಲ. ಮಾರನೇ ದಿನವೂ ಇಲ್ಲ. ದಿನಾ 'ಊಟ ಆಯ್ತಾ' ಅಂತ ಬರುತ್ತಿದ್ದ ಮೆಸೇಜೂ ಇಲ್ಲ. 'ಇಷ್ಟೇನಾ? ನನ್ನ ಒಂದು ಮಾತು ತಡ್ಕೊಳ್ಳೋ ಶಕ್ತಿ ಇಲ್ವಾ ಇವ್ರಿಗೆ?' ಅಳು ಬಂತು. ಅಳುವಿನ ಹಿಂದೆಯೇ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಹೋಗಿ ಕೋರ್ಸಿಗೆ ಸೇರಿದಳು.

ರೂಪ ಬಾಗೇಪಲ್ಲಿ ಕಡೆಯವಳು. ಚೂಯಿಂಗ್ ಗಮ್ ಅಗಿಯುತ್ತಾ, ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ವಟವಟ ಅನ್ನುವ ಹುಡುಗಿ. ಗಾಡಿ ಆಫ್ ಆದರೆ "ಪರ್ವಾಲೇದು ಅಕ್ಕಾ, ಇನ್ನೊಂದ್ ಸಲ" ಅನ್ನುವಳು. ಮತ್ತೆ ಆಫ್ ಆದರೂ ಅದೇ.

ಮೊದಲ ದಿನವೇ ಒಂದು ಘಟನೆ ನಡೆಯಿತು. ರಸ್ತೆ ಖಾಲಿ ಇತ್ತು. ಕಾರು ಸಲೀಸಾಗಿ ಹೋಗುತ್ತಿತ್ತು. ಮುಖಕ್ಕೆ ಹಾರಿದ ಕೂದಲು ಸರಿಮಾಡಿಕೊಳ್ಳಲು ರೂಪ ಪಕ್ಕನೆ ಕೈ ಎತ್ತಿದಳು, ಅಷ್ಟೇ. ರಂಜನಿ ಬೆಚ್ಚಿಬಿದ್ದು ಸ್ಟೀರಿಂಗ್ ಬಿಟ್ಟು, ಕೈಯೆರಡನ್ನೂ ಎದೆಗೆ ಒತ್ತಿಕೊಂಡಳು.

ರೂಪ ತನ್ನ ಕಡೆಯ ಬ್ರೇಕ್ ಒತ್ತಿ ಕಾರು ನಿಲ್ಲಿಸಿದಳು. ಅವಳ ವಟವಟವೂ ನಿಂತಿತು.

"ಯಾಕಕ್ಕಾ... ನಾನೇನೂ ಹೊಡಿಯಲ್ಲ."

ಕೇಶವ ಒಂದು ದಿನವೂ ಹೊಡೆದವನಲ್ಲ. ಹೊಡೆಯುವವನೂ ಅಲ್ಲ. ಆದರೂ ತನ್ನ ಮೈ ಹೀಗೆ ಕಲಿತುಬಿಟ್ಟಿದೆಯಲ್ಲ! ನಾಳೆ ಅಡುಗೆಮನೆಯಲ್ಲಿ ಸಾರು ಉಕ್ಕಿದರೆ? ಮಗು ಬಿದ್ದರೆ? ಆಗಲೂ ಹೀಗೇ ಕುಗ್ಗಿ ಕೂರಬೇಕಾ? ಕೂಗು, ಕಾಫಿ, ಸಾರಿ... ಬದುಕೆಲ್ಲ ಇದೇನಾ?

ಆ ಪ್ರಶ್ನೆ ಕೋರ್ಸ್ ಮುಗಿಯುವವರೆಗೂ ಅವಳ ಪಕ್ಕದಲ್ಲೇ ಕೂತಿತ್ತು. ರಿವರ್ಸ್ ಹೋಗುವಾಗ ಚರಂಡಿಗೆ ಚಕ್ರ ಇಳಿಸಿದಳು. ಶಿಡ್ಲಘಟ್ಟದ ರಸ್ತೆಯಲ್ಲಿ ಬಸ್ಸಿಗೆ ಹೆದರಿ ಬೆವೆತಳು. 'ಬಿಟ್ಟುಬಿಡ್ತೀನಿ' ಅಂತ ಅಮ್ಮನ ಮುಂದೆ ಅತ್ತಳು. ಆದರೂ ಬೆಳಿಗ್ಗೆ ಎದ್ದು ಹೋದಳು. ನಿಧಾನಕ್ಕೆ ಕಾಲು ಹಗುರವಾಯಿತು. ಗೇರು ಕೇಳದೆಯೇ ಕೈಗೆ ಬಂತು.

ಟೆಸ್ಟಿನಲ್ಲಿ ಪಾಸೂ ಆದಳು!

ಲೈಸೆನ್ಸ್ ಕೈಗೆ ಬಂದ ಬೆಳಿಗ್ಗೆ, ಕಣ್ಣಿನ ತೊಂದರೆಯಿಂದ ತಾವು ಓಡಿಸುವುದನ್ನು ಬಿಟ್ಟಿದ್ದ ಹಳೇ ಕಾರಿನ ಬೀಗದಕೈಯನ್ನು ಅಪ್ಪ ತಂದು ಅವಳ ಮುಂದಿಟ್ಟರು.

"ಎಲ್ಲಿಗಾದ್ರೂ ಹೋಗಿ ಬರ್ತೀಯೇನಮ್ಮ?"

"ಕುಡುಮಲಕುಂಟೆಗೆ ಅಪ್ಪ."

ವಿಶಾಲಾಕ್ಷಮ್ಮ ಏನೋ ಹೇಳಲು ಬಾಯಿ ತೆರೆದರು. "ಹೋಗ್ಲಿ ಬಿಡೇ" ಅಂದರು ಯೋಗನರಸಿಂಹ. "ಅವಳು ಹೇಳ್ಬೇಕಾದ್ದು ಹೇಳಿ ಬರ್ಲಿ."

ಮಂಚೇನಹಳ್ಳಿ ದಾಟಿದ ಮೇಲೆ ಒಂದು ಏರಿನಲ್ಲಿ ಕಾರು ಆಫ್ ಆಯಿತು. ಹಿಂದಿನ ಬಸ್ಸಿನವನು ಒಂದೇ ಸಮನೆ ಹಾರ್ನ್ ಒತ್ತಿದ. ರಂಜನಿಯ ಹೆಗಲು ಕುಗ್ಗಿತು... ಆದರೆ ಪಕ್ಕದಲ್ಲಿ ಯಾರೂ ಕೂಗಲಿಲ್ಲ. ಉಸಿರು ಎಳೆದುಕೊಂಡಳು. ಕ್ಲಚ್, ಕೀ, ಮೊದಲ ಗೇರ್. ಕಾರು ಏರು ಹತ್ತಿತು. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನೇ ಮನಸ್ಸಿನಲ್ಲಿ ತಿದ್ದಿಕೊಂಡಳು.

ಫ್ಯಾಕ್ಟರಿಯ ಮೊದಲ ಶಿಫ್ಟ್ ಬಿಟ್ಟಿತ್ತು. ಗೇಟಿನಿಂದ ಹೊರಬಂದ ಕೇಶವ ಕಾರನ್ನು ಕಂಡ, ಅದಕ್ಕೆ ಒರಗಿ ನಿಂತವಳನ್ನು ಕಂಡ, ಅಲ್ಲೇ ನಿಂತ. ಎಷ್ಟು ಇಳಿದುಹೋಗಿದ್ದಾನೆ! ಅವಳ ಕರುಳು ಚುರ್ ಅಂದಿತು. ಆದರೂ ಬಂದ ಕೆಲಸ ಬಿಡಲಿಲ್ಲ.

"ನಾನು ಮೊದ್ಲು ಮಾತಾಡ್ತೀನಿ, ನೀವು ಕೇಳಿಸ್ಕೊಳ್ಳಿ" ಅಂದಳು. "ನಂಗೆ ನಿಮ್ಮನ್ನ ಕಂಡ್ರೆ ಭಯ ಆಗಕ್ಕೆ ಶುರುವಾಗಿದೆ ಕೇಶವ್. ಪಕ್ಕದಲ್ಲಿ ಯಾರಾದ್ರೂ ಕೈ ಎತ್ತಿದ್ರೆ ಬೆಚ್ಚಿಬೀಳ್ತೀನಿ. ಇಷ್ಟ ಇಲ್ಲ ಅಂತಲ್ಲ... ತುಂಬ ಇಷ್ಟ. ಅದಕ್ಕೇ ಇಷ್ಟು ನೋವು. ಆದ್ರೆ ಭಯ ಇಟ್ಕೊಂಡು ಕಾರ್ತಿಕದಲ್ಲಿ ಹಸೆಮಣೆ ಹತ್ತಕ್ಕೆ ನಂಗಾಗಲ್ಲ."

ಕೇಶವ ತಲೆ ತಗ್ಗಿಸಿ ನಿಂತಿದ್ದ. ಜನ ನೋಡುತ್ತಾ ಹೋಗುತ್ತಿದ್ದರು. ಅವನಿಗೆ ಅದರ ಪರಿವೆ ಇರಲಿಲ್ಲ.

"ಅವತ್ತು ಮನೆಗೆ ಹೋಗಿ ತಂಗಿ ಹತ್ರ ನಿನ್ನ ಮೇಲೆ ದೂರು ಹೇಳ್ದೆ" ಅಂದ ಕೊನೆಗೆ. "ಅವಳಿಗೂ ನಾನೇ ಕಲ್ಸಕ್ಕೆ ಹೋಗಿದ್ದೆ. ಅವಳು ಅರ್ಧಕ್ಕೇ ಬಿಟ್ಳು. ಅವಳ ತಲೆಗೆ ಹತ್ತಲ್ಲ ಅಂತ ಎಲ್ಲರ ಮುಂದೆ ನಗ್ತಿದ್ದೆ. ಅವಳು ಅವತ್ತು ಹೇಳಿದ್ಳು, 'ತಲೆಗೆ ಹತ್ತದೇ ಬಿಟ್ಟಿದ್ದಲ್ಲ ಕಣೋ ಅಣ್ಣ, ನಿನ್ನ ಪಕ್ಕ ಕೂತ್ರೆ ನಂಗೆ ಕೈಕಾಲು ನಡುಗ್ತಿತ್ತು' ಅಂತ. ಇಷ್ಟು ವರ್ಷ ನಂಗೆ ಅದು ಗೊತ್ತೇ ಇರ್ಲಿಲ್ಲ ರಂಜನಿ!"

"ಮತ್ತೆ ಒಂದು ಫೋನ್ ಮಾಡಕ್ಕೆ ಏನಾಗಿತ್ತು? ನಾನು ದಿನಾ ಕಾಯ್ತಿದ್ದೆ..."

"ಮಾಡಿದ್ರೆ ಸಾರಿ ಅಂತೀನಿ. ನೀನು ಪರವಾಗಿಲ್ಲ ಅಂತೀಯ. ಮತ್ತೆ ಕೂಗ್ತೀನಿ. ಇನ್ನೊಂದು ಸಾರಿ ಹೇಳಕ್ಕೆ ನಾಚಿಕೆ ಆಯ್ತು ಕಣೇ."

"ಹೇಳ್ದೇ ಇದ್ದಿದ್ದಕ್ಕೆ ನಾನು ಏನೇನೋ ಅಂದ್ಕೊಂಡೆ..."

"ಅದೂ ನನ್ನದೇ ತಪ್ಪು."

ಕಂಪನಿ ಬಸ್ಸು ಹೊರಟಿತು. ಅವನು ಅದರ ಕಡೆ ತಿರುಗಲಿಲ್ಲ.

"ಮದುವೆ ಮುಂದಕ್ಕೆ ಹಾಕಣ" ಅಂದಳು ರಂಜನಿ.

"ಹಾಕಣ. ಎಷ್ಟು ದಿ..." ಅವನು ತುಟಿ ಕಚ್ಚಿಕೊಂಡ. "ಬೇಡ. ಅದನ್ನ ನೀನು ಹೇಳಿದಾಗ ಕೇಳಿಸ್ಕೋತೀನಿ. ಮನೆಯವರಿಗೆಲ್ಲ ನಾನೇ ಹೇಳ್ತೀನಿ. ನನ್ನಿಂದಾನೇ ಮುಂದಕ್ಕೆ ಹೋಯ್ತು ಅಂತಾನೇ ಹೇಳ್ತೀನಿ."

ಎಷ್ಟೋ ದಿನದಿಂದ ಎದೆಯ ಮೇಲೆ ಹೇರಿದ್ದ ಕಲ್ಲು ಸ್ವಲ್ಪ ಅಲುಗಿದ ಹಾಗಾಯಿತು ಅವಳಿಗೆ. ಪೂರ್ತಿ ಇಳಿಯಲಿಲ್ಲ. ಅಲುಗಿತು, ಅಷ್ಟೇ.

"ಬಸ್ಸು ಹೋಯ್ತು" ಅಂದಳು.

"ಹೋಗ್ಲಿ. ಆಟೋ ಸಿಗುತ್ತೆ."

ರಂಜನಿ ಪಕ್ಕದ ಸೀಟಿನ ಬಾಗಿಲು ತೆರೆದಳು. "ಕೂತ್ಕೊಳ್ಳಿ. ಮನೆವರೆಗೂ ಬಿಡ್ತೀನಿ."

ಅವನು ಅನುಮಾನಿಸಿದ. "ಬಾಯಿ ಮುಚ್ಕೊಂಡು ಕೂತಿರ್ತೀನಿ. ಆಣೆ."

"ಅದು ಬೇಡ. ಒಳಗೇ ಹಿಡಿದಿಟ್ಟು ಇನ್ನೊಂದು ದಿನ ಸಿಡಿಯೋದು ಬೇಡ. ಭಯ ಆದ್ರೆ ಭಯ ಆಗ್ತಿದೆ ಅನ್ನಿ. ಅಷ್ಟು ಸಾಕು."

ಕಾರು ಗೌರಿಬಿದನೂರಿನ ಕಡೆ ಹೊರಟಿತು. ಕೇಶವ ಎರಡೂ ಕೈಗಳನ್ನು ತೊಡೆಯ ಮೇಲೆ ಮುಷ್ಟಿಕಟ್ಟಿ ಇಟ್ಟುಕೊಂಡಿದ್ದ. ಎದುರಿನಿಂದ ಲಾರಿಯೊಂದು ದೈತ್ಯನ ಹಾಗೆ ಬಂತು. ಅವನ ಮೈ ಬಿಗಿಯಿತು. ದವಡೆ ಬಿಗಿಯಿತು. ರಂಜನಿಗೆ ಗೊತ್ತಾಯಿತು... ಅವಳ ಬೆರಳುಗಳೂ ಸ್ಟೀರಿಂಗನ್ನು ಒತ್ತಿ ಹಿಡಿದವು.

"ರಂಜನಿ..." ಪಿಸುಮಾತಿನಷ್ಟು ಮೆತ್ತಗೆ ಬಂತು ಅವನ ದನಿ. "ನಂಗೆ ಭಯ ಆಗ್ತಿದೆ."

ಅವಳು ಕಾರನ್ನು ಎಡಕ್ಕೆ ಸರಿಸಿ ನಿಧಾನ ಮಾಡಿದಳು. ಲಾರಿ ಧೂಳೆಬ್ಬಿಸಿಕೊಂಡು ದಾಟಿಹೋಯಿತು. ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟರು.

"ನಂಗೂ ಆಯ್ತು ಕಣ್ರೀ" ಅಂದಳು ರಂಜನಿ. ಹೇಳಿದ್ದೇ ನಗು ಬಂದುಬಿಟ್ಟಿತು, ನಗುವಿನ ಜೊತೆಗೆ ಕಣ್ಣೀರೂ.

"ಒರೆಸ್ಲಾ?" ಅವನು ಕೇಳಿದ. ಕೈ ಇನ್ನೂ ತೊಡೆಯ ಮೇಲೆಯೇ ಇತ್ತು.

"ಹೂಂ... ನಿಧಾನವಾಗಿ."