ಏರಿನ ತುದಿಯಲ್ಲಿ ನಿಂತವನು

ಏರು ಮುಗಿಯುವ ತಿರುವಿನಲ್ಲಿ ಅವನು ಅವತ್ತೂ ನಿಂತಿದ್ದ. ಒಂದು ಕಾಲು ನೆಲದ ಮೇಲೆ, ಇನ್ನೊಂದು ಸೈಕಲ್ಲಿನ ಪೆಡಲ್ ಮೇಲೆ. ಗಾಳಿ ಇಳಿದಿದೆಯೇನೋ ಎಂಬಂತೆ ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ಅವಳು ಏದುಸಿರು ಬಿಡುತ್ತ ಹತ್ತಿರ ಬಂದಾಗ ತಲೆಯೆತ್ತಿದ. ಅವಳ ಹಣೆಗೆ ಅಂಟಿದ ಕೂದಲನ್ನು ನೋಡಿದ, ಆಮೇಲೆ ಕಣ್ಣನ್ನು. ಕಣ್ಣಿಗೆ ಕಣ್ಣು ಸಿಕ್ಕ ಕೂಡಲೇ ಮತ್ತೆ ಟೈರಿನ ಕಡೆಗೆ ತಿರುಗಿದ.

“ಟೈರ್ ಸರಿಯಾಗೇ ಇದೆ,” ಎಂದಳು ಅವಳು.

“ಹೌದಾ? ಹಾಗಾದ್ರೆ ಹೊರಡೋಣ.”

ನಿನ್ನೆ ಚೈನು, ಮೊನ್ನೆ ನೀರಿನ ಬಾಟಲಿ, ಅದರ ಹಿಂದೆ ಶೂ ಲೇಸು. ದಿನಕ್ಕೊಂದು ನೆಪ. ತನಗಾಗಿಯೇ ನಿಲ್ಲುತ್ತಾನೆಂದು ಅವಳಿಗೆ ಗೊತ್ತಿತ್ತು. ಯಾಕೆ ನಿಲ್ಲುತ್ತಾನೆಂಬುದೂ ಗೊತ್ತಿದೆಯೆಂದೇ ಅವಳು ನಂಬಿದ್ದಳು. ಆ ನಂಬಿಕೆ ಅವಳನ್ನು ಒಳಗೊಳಗೇ ಸುಡುತ್ತಿತ್ತು.

ಹುಟ್ಟುವಾಗಲೇ ಅವಳ ಹೃದಯದಲ್ಲೊಂದು ತೂತಿತ್ತು. ಚಿಕ್ಕಂದಿನಲ್ಲೇ ಆಪರೇಷನ್ ಮಾಡಿ ಅದನ್ನು ಮುಚ್ಚಿದರು. ಆದರೆ ಮನೆಯವರ ಭಯವನ್ನು ಮುಚ್ಚುವ ಡಾಕ್ಟರು ಎಲ್ಲಿದ್ದಾರೆ? ಅಪ್ಪ ಸ್ಕೂಲ್ ವ್ಯಾನ್ ಓಡಿಸುತ್ತಿದ್ದರು. ಬೇರೆ ಮಕ್ಕಳೆಲ್ಲ ವ್ಯಾನಿನಿಂದ ಧುಮುಕಿ ಓಡಿದರೆ ಇವಳನ್ನು ಮಾತ್ರ ಕೈಹಿಡಿದು ಇಳಿಸಿ, ಬ್ಯಾಗು ತಾವೇ ಹೊತ್ತು, ಕ್ಲಾಸಿನ ಬಾಗಿಲವರೆಗೆ ಹಿಂದೆ ಹಿಂದೆ ಬರುತ್ತಿದ್ದರು. ಆಟದ ಪೀರಿಯಡ್ಡಿನಲ್ಲಿ ಟೀಚರು ಇವಳ ಕೈಗೆ ಸೀಮೆಸುಣ್ಣ ಕೊಟ್ಟು ಸ್ಕೋರು ಬರೆಯಲು ಕೂರಿಸುತ್ತಿದ್ದರು. ಚಿಕ್ಕಮ್ಮಂದಿರಂತೂ ‘ಪಾಪ, ಕೂಸು’ ಎನ್ನದೆ ಮಾತೇ ಶುರುಮಾಡುತ್ತಿರಲಿಲ್ಲ.

ಕಾಲೇಜು ಸೇರಿದ ವರ್ಷ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಇನ್ನು ನಿನ್ನ ಹೃದಯವೂ ಎಲ್ಲರ ಹೃದಯದ ಹಾಗೇ, ಓಡು, ಹತ್ತು, ಮನಸ್ಸಿಗೆ ಬಂದದ್ದು ಮಾಡು ಎಂದರು. ಅವಳು ಮಾರನೆಯ ದಿನವೇ ಸೈಕಲ್ ತಂಡದ ಕೋಚ್ ಮುಂದೆ ಹೋಗಿ ನಿಂತಳು. ಕೋಚ್ ಡಾಕ್ಟರಿಗೇ ಫೋನು ಮಾಡಿ ವಿಚಾರಿಸಿ ಒಪ್ಪಿಕೊಂಡರು. ಈ ವಿಷಯ ಯಾರಿಗೂ ತಿಳಿಯಬಾರದು ಸರ್ ಎಂದು ಅವಳು ಬೇಡಿಕೊಂಡಿದ್ದಳು, ಅವರೂ ಮಾತು ಕೊಟ್ಟಿದ್ದರು. ಆದರೂ ತಂಡದ ಕ್ಯಾಪ್ಟನ್ ಆದ ಅವನಿಗೆ ಹೇಳದೆ ಇರುತ್ತಾರೆಯೇ? ಹೇಳಿರಲೇಬೇಕು. ಇಲ್ಲದಿದ್ದರೆ ಅಷ್ಟು ಚೆನ್ನಾಗಿ ಏರು ಹತ್ತುವವನು ದಿನವೂ ತುದಿಯಲ್ಲಿ ನಿಂತು ತನ್ನ ದಾರಿ ಯಾಕೆ ಕಾಯುತ್ತಾನೆ?

ತಂಡದಲ್ಲಿ ನಾಲ್ವರು: ಕ್ಯಾಪ್ಟನ್, ಇಬ್ಬರು ಅವಳಿ ಹುಡುಗರು, ಮತ್ತು ಅವಳು. ಸಣಕಲು ಮೈ, ಚುಚ್ಚುವ ಮಾತು ಎಂದು ಆ ಅವಳಿ ಹುಡುಗರು ಅವಳಿಗೆ ‘ಸೂಜಿ’ ಎಂದು ಹೆಸರಿಟ್ಟಿದ್ದರು. ಕಾಲೇಜುಗಳ ರೋಡ್ ರೇಸಿನ ನಿಯಮದಂತೆ ತಂಡದಲ್ಲಿ ಒಬ್ಬ ಹುಡುಗಿಯಾದರೂ ಇರಬೇಕು. ತಂಡದಲ್ಲಿ ಮೂರನೆಯವರಾಗಿ ಗೆರೆ ದಾಟಿದವರ ಸಮಯವೇ ತಂಡದ ಸಮಯ. ಆದರೆ ನಾಲ್ಕನೆಯವರೂ ಗಡುವಿನೊಳಗೆ ಮುಟ್ಟಲೇಬೇಕು, ಇಲ್ಲದಿದ್ದರೆ ಇಡೀ ತಂಡವೇ ಹೊರಗೆ. ‘ಲೆಕ್ಕಕ್ಕುಂಟು, ಆಟಕ್ಕಿಲ್ಲ’ ಎಂದು ಬೇರೆ ತಂಡದವರು ಅವಳನ್ನು ನೋಡಿ ನಕ್ಕದ್ದು ಅವಳ ಕಿವಿಗೂ ಬಿದ್ದಿತ್ತು.

ಆ ವರ್ಷದ ರೋಡ್ ರೇಸು ಅವಳಿಗೆ ಮೊದಲನೆಯದು. ಹಿಂದಿನ ಸಂಜೆ ಕಾಲೇಜಿನ ಸೈಕಲ್ ರೂಮಿನಲ್ಲಿ ಅವನೊಬ್ಬನೇ ಕೂತು ಚೈನಿಗೆ ಎಣ್ಣೆ ಬಿಡುತ್ತಿದ್ದ. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಅವನ ಬೆರಳುಗಳ ಕಪ್ಪು ಮಸಿ ಮಿನುಗುತ್ತಿತ್ತು. ಆ ಕೈಗಳನ್ನು ಹಾಗೆ ನೋಡುತ್ತ ನಿಲ್ಲಬಾರದೆಂದು ಅವಳು ನೇರವಾಗಿ ವಿಷಯಕ್ಕೆ ಬಂದಳು.

“ನಾಳೆ ನನಗೋಸ್ಕರ ನಿಲ್ಲಬೇಡಿ.”

ಅವನ ಕೈ ತಡೆಯಿತು. “ನಿಂತ್ರೆ?”

“ನಿಂತ್ರೆ ನಾಡಿದ್ದು ನಾನು ತಂಡದಲ್ಲಿರಲ್ಲ. ಬಯಲಲ್ಲಿ ನಾನು ಮುಂದೆ ಹೋಗಿ ನಿಮಗೆ ಗಾಳಿ ತಡೀತೀನಿ. ಏರು ಬಂದ ಮೇಲೆ ನೀವು ಮೂವರೂ ಹೋಗಿಬಿಡಿ. ನಾನು ಬಂದು ಸೇರ್ತೀನಿ.”

ಏನೋ ಹೇಳಬೇಕೆಂದು ಬಾಯಿ ತೆರೆದವನು, ಕೊನೆಗೆ ಸರಿ ಎಂದಷ್ಟೇ ಹೇಳಿ ತಲೆ ತಗ್ಗಿಸಿದ. ಗೆದ್ದ ಹಾಗೆ ಹೊರಗೆ ಬಂದಳಾದರೂ ಅವಳಿಗೆ ಎದೆ ಭಾರವೆನಿಸಿತು.

ಮನೆಯಲ್ಲಿ, ರೇಸು ಬೇಡವೆಂದಿದ್ದ ಅಪ್ಪ ಆ ರಾತ್ರಿ ಬೇಗನೆ ಊಟ ಮುಗಿಸಿ ಎದ್ದರು. ಬೆಳಿಗ್ಗೆ ಅವಳು ಹೊರಡುವಾಗಲೂ ಬಾಗಿಲಿಗೆ ಬರಲಿಲ್ಲ.

ಊರ ಹೊರಗಿನ ಬಯಲಲ್ಲಿ ಎದುರುಗಾಳಿ ಕಾದು ಕೂತ ಶತ್ರುವಿನಂತೆ ಮೇಲೆರಗಿತು. ಅವಳು ಹ್ಯಾಂಡಲಿನ ಮೇಲೆ ಬಾಗಿ ಮುಂದಕ್ಕೆ ಬಂದಳು. ಹಿಂದೆ ಒಬ್ಬರ ಬೆನ್ನಿಗೊಬ್ಬರಂತೆ ಮೂವರು. ಎಲ್ಲರಿಗಿಂತ ಹತ್ತಿರ ಅವನು. ಅವನ ಗಾಲಿಯ ಸದ್ದು ಅವಳ ಗಾಲಿಯ ಸದ್ದಿಗೆ ಸೇರಿ ಒಂದೇ ಆಗಿತ್ತು. ಹುಟ್ಟಿದಾಗಿನಿಂದ ಎಲ್ಲರ ನೆರಳಲ್ಲಿ ನಡೆದವಳು ಇವತ್ತು ಮೂವರಿಗೆ ಗಾಳಿ ತಡೆಯುವ ಮರೆಯಾಗಿದ್ದಳು. ತೊಡೆ ಉರಿಯುತ್ತಿತ್ತು, ಗಂಟಲು ಒಣಗಿತ್ತು, ಆದರೂ ಒಂದು ಬಗೆಯ ಸುಖ ಅವಳ ಮೈತುಂಬ ಹರಿಯುತ್ತಿತ್ತು.

ಏರಿನ ಬುಡದಲ್ಲಿ ಅದು ನಡೆಯಿತು. ಮುಂದಿದ್ದ ಬೇರೆ ತಂಡದ ಸವಾರ ಜಲ್ಲಿಯ ಮೇಲೆ ಜಾರಿದ. ತಪ್ಪಿಸಿಕೊಳ್ಳಲು ಹೋಗಿ ಅವಳು ರಸ್ತೆಯಂಚಿಗೆ ಬಿದ್ದಳು. ಮೊಣಕಾಲು ತರಚಿ ರಕ್ತ ಒಸರಿತು. ತಲೆಯೆತ್ತಿದಾಗ ಅವಳಿಗಳಿಬ್ಬರೂ ಮುಂದೆ ದಾಟಿದ್ದರು. ಅವನು ಮಾತ್ರ ತಿರುಗಿ ನೋಡುತ್ತಿದ್ದ, ಬೆರಳುಗಳು ಬ್ರೇಕಿನ ಮೇಲೆ.

ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು, ಅಷ್ಟೇ. ಅವನ ಮುಖದಲ್ಲಿ ಏನೋ ಒಡೆದುಹೋದಂತಾಯಿತು. ಆಮೇಲೆ ಅವನು ಮುಂದಕ್ಕೆ ತಿರುಗಿ, ಸೀಟಿನಿಂದೆದ್ದು ಪೆಡಲ್ ತುಳಿಯುತ್ತ ತಿರುವಿನಲ್ಲಿ ಮರೆಯಾದ.

ಬಯಸಿದ್ದು ಅದನ್ನೇ. ಆದರೆ ಬಯಸಿದ್ದು ಸಿಕ್ಕ ಮೇಲೆ ಅವಳಿಗೆ ಅಳು ಬಂತು.

ಏರಿನಲ್ಲಿ ಅವಳನ್ನು ಒಬ್ಬೊಬ್ಬರಾಗಿ ಎಲ್ಲರೂ ಹಿಂದೆ ಹಾಕಿದರು. ಕೊನೆಗೆ ಉಳಿದದ್ದು ಅವಳು ಮತ್ತು ರೇಸು ಕೈಬಿಟ್ಟವರನ್ನು ಹತ್ತಿಸಿಕೊಳ್ಳುವ ವ್ಯಾನು. ಅದರ ಡ್ರೈವರ್ ಪಕ್ಕಕ್ಕೆ ಬಂದು, ಬಾಮ್ಮಾ, ಹತ್ಕೋ, ಇದರಲ್ಲಿ ನಾಚಿಕೆ ಏನಿಲ್ಲ ಎಂದು ಅಕ್ಕರೆಯಿಂದಲೇ ಕರೆದ. ಅವಳ ಎದೆ ಪಕ್ಕೆಲುಬು ಮುರಿಯುವಂತೆ ಬಡಿದುಕೊಳ್ಳುತ್ತಿತ್ತು. ಅಪ್ಪ ಹೆದರಿದ್ದು ಇದಕ್ಕೇ ಇರಬಹುದೇ? ಅವಳು ಉಸಿರು ಹಿಡಿದು ಆ ಬಡಿತಕ್ಕೆ ಕಿವಿಗೊಟ್ಟಳು. ಜೋರಾಗಿತ್ತು, ಆದರೆ ಎಲ್ಲೂ ತಪ್ಪುತ್ತಿರಲಿಲ್ಲ. ದುಡಿಯುವ ಹೃದಯದ ಸದ್ದು ಅದು. ಭಯಕ್ಕೂ ಆಯಾಸಕ್ಕೂ ಇರುವ ವ್ಯತ್ಯಾಸ ಇಷ್ಟು ವರ್ಷದ ಮೇಲೆ ಅವಳಿಗೆ ತಿಳಿಯಿತು. ಡ್ರೈವರಿಗೆ ಬೇಡವೆಂದು ತಲೆಯಾಡಿಸಿ ತುಳಿಯುತ್ತಲೇ ಹೋದಳು.

ಏರಿನ ತುದಿ ಖಾಲಿಯಿತ್ತು. ಅಲ್ಲಿ ಯಾರೂ ಕಾಯುತ್ತಿರಲಿಲ್ಲ. ಅವಳು ಒಬ್ಬಳೇ ಅದನ್ನು ದಾಟಿ ಇಳಿದಳು.

ಗೆರೆ ಮುಟ್ಟುವ ಹೊತ್ತಿಗೆ ಜನ ಕರಗಿದ್ದರು. ಯಾರೋ ಬ್ಯಾನರಿನ ಹಗ್ಗ ಬಿಚ್ಚುತ್ತಿದ್ದರು. ಗಡಿಯಾರ ಹಿಡಿದ ಅಧಿಕಾರಿ ಗಡುವಿನೊಳಗೇ ಬಂದಿದ್ದಾಳೆಂದು ಕೂಗಿ ಹೇಳಿದ. ಕೋಚ್ ಓಡಿಬಂದು, ತಂಡ ಮೂರನೆಯ ಸ್ಥಾನದಲ್ಲಿದೆ, ಅದು ಈಗಷ್ಟೇ ಖಾತ್ರಿಯಾಯಿತು ಎಂದರು. ಅವಳಿಗಳು ಅವಳ ಸೈಕಲ್ ಹಿಡಿದುಕೊಂಡರು. ಅವಳ ಕಣ್ಣು ಮಾತ್ರ ರಸ್ತೆಯಂಚಿನ ಕಬ್ಬಿಣದ ಬೇಲಿಯ ಕಡೆಗಿತ್ತು. ಅಲ್ಲಿ ಅಪ್ಪ ನಿಂತಿದ್ದರು. ಅಪ್ಪನ ಪಕ್ಕದಲ್ಲಿ ಕಂಬಿಯನ್ನು ಎರಡೂ ಕೈಯಿಂದ ಬಿಗಿಹಿಡಿದು ಅವನು, ಮುಖದಲ್ಲಿ ರಕ್ತವೇ ಇಲ್ಲದವನಂತೆ.

ನಡೆದದ್ದನ್ನು ಅವಳಿಗಳು ಪಿಸುಮಾತಿನಲ್ಲಿ ಹೇಳಿದರು. ಮೂವರೇ ಬಂದದ್ದನ್ನು ಕಂಡು ಅಪ್ಪ ಕ್ಯಾಪ್ಟನ್ನಿನ ತೋಳು ಹಿಡಿದು, ಹೃದಯದ ಆಪರೇಷನ್ ಆದ ಹುಡುಗಿಯನ್ನು ಎಲ್ಲಿ ಬಿಟ್ಟು ಬಂದೆಯಪ್ಪಾ ಎಂದು ಕೇಳಿದರಂತೆ. ಅದನ್ನು ಕೇಳಿ ಕೂಡಲೇ ಹಿಂದಕ್ಕೆ ಹೋಗಲು ಸೈಕಲ್ ತಿರುಗಿಸಿದವನನ್ನು ಕೋಚ್ ತಡೆದು, ಗೆರೆ ದಾಟಿದವರು ಮತ್ತೆ ಹೋಗಿ ಜೊತೆಗೂಡಿದರೆ ಅವಳ ಓಟವೇ ರದ್ದಾಗುತ್ತದೆ, ಅವಳ ಹಿಂದೆ ವ್ಯಾನ್ ಇದೆ ಎಂದು ತಿಳಿಸಿ ಹೇಳಿದ ಮೇಲೆ ಕಂಬಿ ಹಿಡಿದು ನಿಂತವನು ಇಲ್ಲಿಯವರೆಗೂ ಕದಲಿರಲಿಲ್ಲ.

ಅಪ್ಪ ಅವಳ ತಲೆ ಸವರಿ, ಬ್ಯಾಂಡೇಜು ತರುತ್ತೇನೆಂದು ತಮ್ಮ ಸ್ಕೂಲ್ ವ್ಯಾನಿನ ಕಡೆ ಹೋದರು. ಅವನು ಬಂದು ಅವಳ ಪಕ್ಕ ಫುಟ್‌ಪಾತಿನ ಅಂಚಿನಲ್ಲಿ ಕೂತ.

“ಯಾಕೆ ಹೇಳಲಿಲ್ಲ?” ಎಂದ.

“ನಿಮಗೆ ಗೊತ್ತು ಅಂದ್ಕೊಂಡಿದ್ದೆ. ಕೋಚ್ ಹೇಳಿರ್ತಾರೆ, ಅದಕ್ಕೇ ದಿನಾ ಮೇಲೆ ನಿಂತು ಕಾಯ್ತೀರಿ ಅಂತ.”

“ನನಗೇನೂ ಗೊತ್ತಿರಲಿಲ್ಲ.”

ಅವಳು ಅವನ ಕಡೆಗೆ ತಿರುಗಿದಳು. “ಮತ್ತೆ ಯಾಕೆ ನಿಲ್ತಿದ್ರಿ?”

ಅವನು ರಸ್ತೆ ನೋಡುತ್ತ ಹೇಳಿದ. “ಏರು ಹತ್ತೋವಾಗ ಯಾರಿಗೂ ಮಾತಾಡೋಕಾಗಲ್ಲ. ಇಳಿಯೋವಾಗ ಆಗುತ್ತೆ. ನಿಮ್ಮ ಜೊತೆ ಇಳಿಯೋಣ ಅಂತ ನಿಲ್ತಿದ್ದೆ. ಅಷ್ಟು ದಿನ ಇಳಿದ್ರೂ ಒಂದು ಮಾತೂ ಆಡೋಕಾಗಲಿಲ್ಲ, ಅದು ಬೇರೆ.”

ಅವಳು ತಲೆ ತಗ್ಗಿಸಿದಳು. ಕರುಣೆಯೆಂದು ಹಲ್ಲು ಕಚ್ಚಿ ಸಹಿಸಿದ ಆ ಬೆಳಗುಗಳೆಲ್ಲ ಈಗ ಬೇರೆಯೇ ಬಣ್ಣದಲ್ಲಿ ಒಂದೊಂದಾಗಿ ಮುಂದೆ ಬಂದು ನಿಂತವು. ಅಷ್ಟೂ ಕಳೆದುಹೋಗಿದ್ದವಲ್ಲ ಎಂದು ಸಂಕಟವಾಯಿತು.

“ಈಗ ಗೊತ್ತಾಯ್ತು,” ಎಂದಳು ಮೆಲ್ಲಗೆ. “ಇನ್ಮೇಲೆ ನಿಂತ್ರೆ ಅದು ಭಯಕ್ಕೇ ನಿಂತ ಹಾಗೆ.”

ಅವನು ಸುಳ್ಳು ಹೇಳಲಿಲ್ಲ. “ಭಯ ಆಗುತ್ತೆ. ಇವತ್ತು ಬಂದಿದ್ದು ಇನ್ನು ಹೋಗೋದೂ ಇಲ್ಲ ಅನ್ಸುತ್ತೆ. ಆದರೆ ನೀವು ಅಂದ್ರೆ ಪ್ರೀತಿ. ಅದು ಈ ಭಯಕ್ಕಿಂತ ಹಳೇದು.”

ಮೊಣಕಾಲಿನ ಉರಿ, ಬಿಸಿಲು, ರಸ್ತೆಯ ಸದ್ದು ಎಲ್ಲವೂ ಒಂದು ಕ್ಷಣ ದೂರವಾದವು. ಅವಳು ಅವನ ಬೆರಳುಗಳ ಮೇಲೆ ತನ್ನ ಧೂಳು ಮೆತ್ತಿದ ಕೈಯಿಟ್ಟಳು.

“ಭಯ ಇಟ್ಕೊಂಡೇ ಬಾ,” ಎಂದಳು. ‘ನೀವು’ ಯಾವಾಗ ಜಾರಿಹೋಯಿತೋ ಅವಳಿಗೇ ತಿಳಿಯಲಿಲ್ಲ. “ನಾನೂ ಅದನ್ನ ಇಟ್ಕೊಂಡೇ ಬೆಳೆದಿದ್ದು. ಬಿಟ್ಟು ಹೋಗು ಅಂದಾಗ ಇವತ್ತಿನ ಹಾಗೆ ಹೋಗು. ಅಷ್ಟು ಮಾಡಿದ್ರೆ ಸಾಕು, ನಾನು ಬಂದೇ ಬರ್ತೀನಿ.”

ಅವನು ಅಂಗೈ ತಿರುಗಿಸಿ ಅವಳ ಕೈ ಹಿಡಿದುಕೊಂಡ.

ಅಪ್ಪ ಬಂದು ಮೊಣಕಾಲಿಗೆ ಬ್ಯಾಂಡೇಜು ಕಟ್ಟಿದರು. ಇಬ್ಬರ ಕೈಗಳನ್ನೂ ಕಂಡರು, ಕಾಣದವರಂತೆ ಗಂಟು ಬಿಗಿದರು. ವ್ಯಾನ್ ಹತ್ತು ಎಂದಾಗ ಅವಳು, ಸೈಕಲ್ ಕಾಲೇಜಿಗೆ ಮುಟ್ಟಿಸಬೇಕು, ಇವರ ಜೊತೆ ತಳ್ಳಿಕೊಂಡು ಬರುತ್ತೇನೆ ಎಂದಳು. ಅಪ್ಪ ಅವನ ಕಡೆ ತಿರುಗಿದರು.

“ನಿಧಾನಕ್ಕೆ ಕರ್ಕೊಂಡು...” ಎಂದು ಶುರುಮಾಡಿದವರು ಅಲ್ಲಿಗೇ ನಿಲ್ಲಿಸಿ, ಜೇಬಿನಿಂದ ವ್ಯಾನಿನ ಕೀ ತೆಗೆದರು. “ಬನ್ನಿ ಇಬ್ರೂ. ನಾನು ಮುಂದೆ ಹೋಗಿರ್ತೀನಿ.”

ವ್ಯಾನು ಹೊರಟಿತು. ಅಪ್ಪ ಅವಳನ್ನು ಬಿಟ್ಟು ಮುಂದೆ ಹೋದದ್ದು ಅದೇ ಮೊದಲು.