ಊರಮ್ಮ ಮುಗಿದ ಕೈ ಇಳಿಸಿದ ದಿನ

"ಯಾರನ್ನ ಕೇಳಿ ಹೋಗಿದ್ರಿ ಅತ್ತಿ? ಯಾರನ್ನ ಕೇಳಿ ಆ ಮ್ಯಾನೇಜರ್ ಮುಂದ ಬಾಯಿ ಬಿಟ್ರಿ?"

ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಗಾಯತ್ರಿ ಹೀಗೆ ಚೀರಿದಾಗ ಊರಮ್ಮ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ಪಾಪಿನಾಯಕನಹಳ್ಳಿಯ ಆ ಓಣಿಯಲ್ಲಿ ಸೊಸೆಯ ದನಿ ಅತ್ತೆಯ ದನಿಗಿಂತ ಮೇಲೆ ಎದ್ದದ್ದು ಅದೇ ಮೊದಲು! ಊರಮ್ಮನ ಬಾಯಿ ಅಂದರೆ ಸಾಮಾನ್ಯದ ಬಾಯಲ್ಲ. ಹೊಸಪೇಟೆ ಬಸ್ಸಿನ ಕಂಡಕ್ಟರ್ ಕೂಡ ಅವಳನ್ನು ಕಂಡರೆ ಕೇಳುವ ಮೊದಲೇ ಚಿಲ್ಲರೆ ಕೊಟ್ಟು ಮುಂದೆ ಹೋಗುತ್ತಿದ್ದ. ಅಂಥ ಬಾಯಿ ಈಗ ಸ್ವಲ್ಪ ಹೊತ್ತು ತೆರೆದದ್ದು ತೆರೆದೇ ಉಳಿಯಿತು. ತಾನು ಮಾಡಿದ ತಪ್ಪೇನು ಅನ್ನುವುದು ಪಾಪ, ಅವಳಿಗೆ ನಿಜವಾಗಿಯೂ ತಿಳಿದಿರಲಿಲ್ಲ.

ಆಗಿದ್ದು ಇಷ್ಟೇ. ಸೊಸೆಗೆ ಐದು ತಿಂಗಳು ತುಂಬಿತ್ತು. ಮದುವೆಯಾಗಿ ನಾಲ್ಕು ವರ್ಷ ಕಾದ ಮೇಲೆ ಕಂಡ ಸಂತೋಷ! ಒಳ್ಳೆಯ ಸುದ್ದಿ ಇದ್ದಾಗ ಉಪಕಾರ ಮಾಡಿದವರ ಬಾಯಿಗೆ ಸಕ್ಕರೆ ಹಾಕಬೇಕು ಅನ್ನುವುದು ಊರಮ್ಮನ ಮನೆತನದ ನಡೆ. ಬೆಳಿಗ್ಗೆ ಎದ್ದವಳೇ ಸಕ್ಕರೆ ಪೊಟ್ಟಣ, ಬಾಳೆಹಣ್ಣು ಕಟ್ಟಿಕೊಂಡು, ಸೊಸೆ ಕೆಲಸ ಮಾಡುವ ಅದಿರು ಯಾರ್ಡಿಗೆ ಹೋಗಿ, ಮ್ಯಾನೇಜರ್ ಸಿದ್ದಲಿಂಗೇಶನ ಮೇಜಿನ ಮೇಲಿಟ್ಟು ಎರಡೂ ಕೈ ಮುಗಿದು ಬಂದಿದ್ದಳು. "ನಿಮ್ಮ ಪುಣ್ಯದಿಂದ ನನ್ನ ಸೊಸಿ ಬಸುರದಾಳ್ರಿ ಸಾಹೇಬ್ರ. ನಿಮಗ ತ್ರಾಸ ಕೊಡಾಂಗಿಲ್ಲ, ಉಡಿ ತುಂಬಿ ಕುಬಸ ಮಾಡಿ ತವರಿಗೆ ಕಳಿಸಿಬಿಡ್ತೀವಿ," ಅಂತ ತಾನಾಗಿಯೇ ಮಾತು ಕೊಟ್ಟೂ ಬಂದಿದ್ದಳು.

ಸಿದ್ದಲಿಂಗೇಶನ ಹೆಸರೆತ್ತಿದರೆ ಸಾಕು, ಊರಮ್ಮನ ಕೈ ತಾನಾಗಿ ಮೇಲೆ ಹೋಗುತ್ತಿತ್ತು. ಅವಳ ಗಂಡ ವಿರುಪಾಕ್ಷಪ್ಪ ಎದೆ ಹಿಡಿದುಕೊಂಡು ಬಿದ್ದ ದಿನ ಆಸ್ಪತ್ರೆಗೆ ಒಯ್ಯಲು ಯಾರ್ಡಿನ ಜೀಪು ಕೊಟ್ಟವನು ಇದೇ ಸಿದ್ದಲಿಂಗೇಶ. ಜೀವ ಉಳಿಯಲಿಲ್ಲ, ಆದರೆ ಜೀಪಿನ ಋಣ ಉಳಿಯಿತು. ಆಮೇಲೆ ಡಿಗ್ರಿ ಓದಿದ ಸೊಸೆಗೆ ತೂಕದ ಕ್ಯಾಬಿನ್‌ನಲ್ಲಿ ಕೆಲಸ ಕೊಟ್ಟವನೂ ಅವನೇ. ಸಂಡೂರು ಗುಡ್ಡದಿಂದ ಅದಿರು ತುಂಬಿಕೊಂಡು ಬರುವ ಲಾರಿಗಳು ತೂಕದ ಕಟ್ಟೆ ಹತ್ತುತ್ತಿದ್ದವು. ಗಾಯತ್ರಿ ಗಾಜಿನ ಒಳಗೆ ಕಂಪ್ಯೂಟರ್ ಮುಂದೆ ಕೂತು ತೂಕ ಏರಿಸಿ ಚೀಟಿ ಕೊಡುತ್ತಿದ್ದಳು. ಅವಳ ತವರಾದ ಎಮ್ಮಿಗನೂರಿನಲ್ಲಿ ಆ ಮನೆತನದ ಹೆಣ್ಣುಮಕ್ಕಳು ಯಾರೂ ಕುರ್ಚಿಯ ಮೇಲೆ ಕೂತು ದುಡಿದವರಲ್ಲ. ಆ ಕುರ್ಚಿ ಅಂದರೆ ಅವಳಿಗೆ ಪ್ರಾಣ.

"ಹೇಳಿದ್ರ ಏನಾತಲೇ?" ಊರಮ್ಮನ ಬಾಯಿ ಕಡೆಗೂ ಜಾಗಕ್ಕೆ ಬಂತು. "ಕದ್ದು ಮುಚ್ಚಿ ಇಡೋ ಸುದ್ದಿ ಏನದು?"

"ನಾಳಿಂದ ಕ್ಯಾಬಿನ್‌ನಾಗ ಬ್ಯಾರೆ ಹುಡುಗಿ ಕುಂದ್ರತಾಳಂತ್ರಿ! ನಾ ಗೇಟಿನ ಹೊರಗ ಬಿಸಿಲಾಗ ನಿಂತು ಲಾರಿ ನಂಬರ್ ಬರಕೋಬೇಕಂತ! ಆಗಲ್ಲ ಅಂದ್ರ ಬಿಟ್ಟು ಹೋಗು, ಹೆಂಗೂ ನಿಮ್ಮತ್ತಿ ತವರಿಗೆ ಕಳಿಸ್ತೀನಿ ಅಂದಾಳ ಅಂದ್ರು... ನನ್ನ ಕೆಲಸ ನೀವ ಕೈಯಾರ ತಗದ್ರಿ ಅತ್ತಿ... ನೀವ ತಗದ್ರಿ!" ಅನ್ನುತ್ತಾ ಗಾಯತ್ರಿ ಹೊಸ್ತಿಲ ಮೇಲೆ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತಳು.

"ಅಷ್ಟಕ್ಕ ಅಳ್ತಾರೇನ? ಬಿಟ್ಟುಬಿಡು. ನಿನಗ ಕೂಸಿಗಿಂತ ಕೆಲಸ ಹೆಚ್ಚಾತೇನ?"

"ಬಿಡಾಂಗಿಲ್ಲ! ಹೊಸಪೇಟಿ ಕಾರ್ಮಿಕ ಇಲಾಖಿಯಾಗ ಮೊದಲ ಕೇಳ್ಕೊಂಡು ಬಂದೀನಿ. ಬಸುರಿ ಅಂತ ತೆಗಿಯಾಂಗಿಲ್ಲ. ಪಗಾರ ಸಮೇತ ಬಾಣಂತಿ ರಜಾ ಕೊಡಬೇಕಂತ ಕಾನೂನೈತಿ. ಇನ್ನೊಂದೆರಡು ತಿಂಗಳು ಬಿಟ್ಟು ನಾನ ಅರ್ಜಿ ಕೊಡೋಳಿದ್ದೆ..."

"ಅನ್ನ ಕೊಟ್ಟೋರಿಗೆ ಕಾನೂನು ಹೇಳ್ತಿಯೇನ? ನಾಚಿಕಿ ಆಗಾಂಗಿಲ್ಲೇನ? ಬಸುರಿದ್ದಾಗ ಸಂಡೂರು ಗುಡ್ಡದಾಗ ಸುತ್ತಿಗಿ ಹಿಡಿದು ಅದಿರು ಒಡದಾಕಿ ನಾನು. ರಜಾ ಅನ್ನೋ ಮಾತು ಈ ಬಾಯಾಗ ಬಂದಿಲ್ಲ, ತಿಳಕೋ!"

ಗಾಯತ್ರಿಯ ಗಂಡ ಮಾರುತೇಶ್ ಬೇರೆಯವರ ಲಾರಿ ಓಡಿಸಿಕೊಂಡು ಸದಾ ಬಂದರಿನ ದಾರಿಯಲ್ಲೇ ಇರುತ್ತಿದ್ದ. ಲಾರಿ ಓಡಿದರೆ ಸಂಬಳ, ಕೆಟ್ಟು ನಿಂತರೆ ಬರೀ ಡ್ರೈವರ್ ಅನ್ನುವ ಹೆಸರು. ಅವನಾದರೂ ತನ್ನ ಪರ ನಿಂತಾನು ಅಂತ ಗಾಯತ್ರಿ ಫೋನು ಹಚ್ಚಿದಳು. ಅವನೋ ಅವ್ವನ ಮಗ! "ಅವ್ವ ಹೇಳಿದಂಗ ಕೇಳಲೇ. ಮೊದಲು ಕೂಸು ನೆಟ್ಟಗ ಹುಟ್ಟಲಿ," ಅಂದು ಫೋನಿಟ್ಟ. ಕೂಸು ಬೇಕೋ ಕೆಲಸ ಬೇಕೋ ಅಂತ ಕೇಳುತ್ತಾರಲ್ಲ, ಎರಡೂ ಬೇಕು ಅನ್ನುವ ಹೆಣ್ಣಿಗೆ ಉತ್ತರ ಹೇಳುವವರು ಯಾರು? ರಾಜೀನಾಮೆ ಬರೆದರೆ ಆ ಕುರ್ಚಿ ಮತ್ತೆ ಸಿಕ್ಕುವುದಿಲ್ಲ. ನಿಂತು ದುಡಿದರೆ ಹೊಟ್ಟೆಯ ಜೀವಕ್ಕೆ ಏನಾಗುತ್ತದೋ! ಗಾಯತ್ರಿ ಹಲ್ಲು ಕಚ್ಚಿಕೊಂಡು ಮರುದಿನ ಗೇಟಿನ ಹೊರಗೆ ನಿಂತಳು.

ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟರು. ಊರಮ್ಮ ಬೆಕ್ಕಿಗೆ ಹೇಳುವಂತೆ ಹೇಳುತ್ತಿದ್ದಳು, "ರೊಟ್ಟಿ ಮಾಡಿಟ್ಟೈತಿ." ಸೊಸೆ ಗೋಡೆಗೆ ಹೇಳುವಂತೆ ಹೇಳುತ್ತಿದ್ದಳು, "ಹಸಿವಿಲ್ಲ." ದಿನಗಳು ಹೀಗೇ ಹೋದವು. ಆದರೆ ಬಸುರಿ ಉಪವಾಸ ಇರುವುದನ್ನು ನೋಡುತ್ತಾ ಕೂಡ್ರುವುದು ಊರಮ್ಮನಿಂದ ಆಗುವ ಕೆಲಸವೇ? ಬೈಯುವುದು ಬೇರೆ, ಉಣ್ಣಿಸುವುದು ಬೇರೆ. ಒಂದು ದಿನ ಬಿಸಿ ಜೋಳದ ರೊಟ್ಟಿ, ಗಾಯತ್ರಿಗೆ ಇಷ್ಟ ಅಂತ ಪುಂಡಿಪಲ್ಯ, ಗುರೆಳ್ಳು ಚಟ್ನಿ ಎಲ್ಲ ಬುತ್ತಿ ಕಟ್ಟಿಕೊಂಡು, ದಾರಿಯುದ್ದಕ್ಕೂ ಸೊಸೆಯನ್ನು ಬೈಯುತ್ತಲೇ ಯಾರ್ಡಿಗೆ ಹೊರಟಳು.

ಗೇಟಿನ ಹತ್ತಿರ ಮುಟ್ಟುವಷ್ಟರಲ್ಲಿ ಅವಳ ಬಾಯಿ ನಿಂತುಹೋಯಿತು. ರಸ್ತೆಯ ಎರಡೂ ಬದಿಗೆ ಕಣ್ಣು ಹಾಯುವ ತನಕ ಲಾರಿಗಳು. ಕೆಂಪು ಧೂಳಿನಲ್ಲಿ ಮನುಷ್ಯರ ಗುರುತೇ ಸಿಗದು. ಆ ಧೂಳಿನ ನಡುವೆ, ಎರಡು ಲಾರಿಗಳ ಸಂದಿಯಲ್ಲಿ, ಸೆರಗು ಮೂಗಿಗೆ ಒತ್ತಿಕೊಂಡು, ಇನ್ನೊಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ನಿಂತಿದ್ದಾಳೆ ಗಾಯತ್ರಿ! ಒಂದು ಟಿಪ್ಪರ್ ಹಿಂದಕ್ಕೆ ಬರುತ್ತಿತ್ತು. ಕ್ಲೀನರ್ "ಅಕ್ಕಾ, ಸರೀರಿ!" ಅಂತ ಕೂಗಿದ. ಅವಳು ಸರಿಯಲು ಹೋಗಿ, ಕಣ್ಣಿಗೆ ಕತ್ತಲೆ ಬಂದು ಜೋಲಿ ಹೊಡೆದಳು. ಯಾರ್ಡು ಗುಡಿಸುವ ಕೊಟ್ರಮ್ಮ ಪೊರಕೆ ಬಿಸಾಡಿ ಓಡಿಬಂದು ಹಿಡಿಯದಿದ್ದರೆ... ಅಯ್ಯೋ, ಹೇಳಲು ಬಾಯಿ ಬರುವುದಿಲ್ಲ!

"ಯವ್ವಾ! ಗಾಯತ್ರೀ!" ಬುತ್ತಿಯನ್ನು ಎದೆಗವಚಿಕೊಂಡು ಊರಮ್ಮ ಓಡಿದಳು. "ಕೂಸು ಮಿಸುಕಾಡ್ತೈತೇನವ್ವ? ಹೇಳು, ಮಿಸುಕಾಡ್ತೈತೇನ?"

ಗಾಯತ್ರಿ ಹೊಟ್ಟೆಯ ಮೇಲೆ ಕೈ ಒತ್ತಿ ನೋಡಿ, ಹೌದೆಂದು ತಲೆಯಾಡಿಸಿದಳು. ಊರಮ್ಮನಿಗೆ ಹೋದ ಉಸಿರು ಬಂತು.

"ಈಕಿ ಒಬ್ಬಾಕಿ ಅಲ್ಲಬೇ," ಕೊಟ್ರಮ್ಮ ನೀರು ಕುಡಿಸುತ್ತಾ ಮೆಲ್ಲಗೆ ಅಂದಳು. "ಈಕಿಗಿಂತ ಮೊದಲು ಆಫೀಸಿನಾಗ ಇನ್ನಿಬ್ರು ಇದ್ರು. ಬಸುರಾದ್ರು ಅಂದ ಕೂಡ್ಲೆ ಹಿಂಗ ಹೊರಗ ನಿಂದ್ರಿಸಿದ್ರು. ತಾವ ಬಿಟ್ಟು ಹೋದ್ರು. ಹೊರಗ ಹಾಕಿದ್ರು ಅನ್ನೋ ಮಾತು ಇವರ ಮ್ಯಾಲೆ ಬರಾಂಗಿಲ್ಲ ನೋಡು."

ಊರಮ್ಮ ಬುತ್ತಿಯನ್ನು ಕೊಟ್ರಮ್ಮನ ಕೈಗಿಟ್ಟು ಸೀದಾ ಮ್ಯಾನೇಜರ್ ಕೋಣೆಗೆ ನಡೆದಳು. ಗಾಯತ್ರಿ ಗಾಬರಿಯಾಗಿ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು.

"ಬಾ ಊರಮ್ಮ, ಕುಂದ್ರು," ಅಂದ ಸಿದ್ದಲಿಂಗೇಶ. "ಸೊಸೀನ ಕರಕೊಂಡು ಹೋಗಾಕ ಬಂದಿಯೇನ? ಭಾಳ ಚಲೋ ಆತು."

ಅಭ್ಯಾಸಬಲದಿಂದ ಊರಮ್ಮನ ಎರಡೂ ಕೈ ಕೂಡಿ ಎದೆಯ ತನಕ ಬಂದಿದ್ದವು. ಅವಳು ಒಮ್ಮೆ ಆ ಕೈಗಳನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕೆಳಗಿಳಿಸಿದಳು.

"ಈ ಕೈ ಭಾಳ ಮಂದಿಗೆ ಮುಗದಾವ್ರಿ ಸಾಹೇಬ್ರ," ಅಂದಳು. "ನನ್ನ ಮಾರುತೇಶನ ಬೆನ್ನಿಗೆ ನನಗೊಂದು ಹೆಣ್ಣು ಕೂಸು ಹುಟ್ಟಿತ್ತು. ಹಸಿ ಬಾಣಂತಿ ನಾನು. ಮೇಸ್ತ್ರಿ ಬಂದು, ಕೆಲಸಕ್ಕ ಬರ್ತಿಯೋ ಇಲ್ಲ ಬ್ಯಾರೇರನ ಇಟ್ಕೊಳ್ಳಲೋ ಅಂದ. ನನ್ನ ಜಾಗ ಉಳಿಸ್ಯಾನಲ್ಲ ಅಂತ ಅವಗ ಕೈ ಮುಗಿದು ಹೋದೆ. ಗುಡ್ಡದ ಬುಡಕ ಸೀರಿ ಜೋಲಿ ಕಟ್ಟಿ ಕೂಸಿನ ಮಲಗಿಸಿ ಅದಿರು ಒಡದೆ. ಅಳೋದು ಕೇಳಿದ್ರೂ ಹೋಗಿ ಮೊಲಿ ಕೊಡಾಕ ಬಿಡಲಿಲ್ಲ... ನನ್ನ ಕೂಸು ಹಾಲು ಕುಡೀಲಿಲ್ಲರೀ, ಧೂಳು ಕುಡೀತು! ಮಣ್ಣು ಮಾಡಿ ಬಂದೆ. ಮರುದಿನ ಮತ್ತ ಕೆಲಸಕ್ಕ ಕರದ. ನಾ ಏನು ಮಾಡಿದೆ ಗೊತ್ತೇನ್ರಿ? ಮತ್ತ ಕೈ ಮುಗಿದೆ! ಅವಗ ಕೈ ಮುಗಿದೆ!"

ಬಾಗಿಲಲ್ಲಿ ನಿಂತ ಗಾಯತ್ರಿ ಒಳಗೆ ಬಂದು ಅತ್ತೆಯ ಪಕ್ಕ ನಿಂತಳು. ನಾಲ್ಕು ವರ್ಷದಲ್ಲಿ ಒಂದು ದಿನವೂ ಈ ಮಾತು ಆ ಮನೆಯಲ್ಲಿ ಬಂದಿರಲಿಲ್ಲ. ರಜೆ ಕೇಳಲಿಲ್ಲ, ರಜೆ ಕೇಳಲಿಲ್ಲ ಅಂತ ಅತ್ತೆ ಜಂಬ ಕೊಚ್ಚುತ್ತಿದ್ದದ್ದರ ಕೆಳಗೆ ಇಂಥ ಸಂಕಟ ಇತ್ತೇ!

ಸಿದ್ದಲಿಂಗೇಶ ಕುರ್ಚಿಯಲ್ಲಿ ಮಿಸುಕಾಡಿದ. "ಅದು ಆ ಕಾಲ ಬಿಡು ಊರಮ್ಮ. ನಾ ನಿಮಗ ಎಷ್ಟು ಉಪಕಾರ ಮಾಡೀನಿ, ಮರ್ತಿಯೇನ?"

"ಮರೆಯಾಂಗಿಲ್ಲ. ಜೀಪ್ ಕೊಟ್ರಿ. ಅದು ನಿಮ್ಮ ಮನಸ್ಸಿಂದ ಕೊಟ್ಟಿದ್ದು, ನಾ ಸಾಯೋತನಕ ನೆನಸ್ತೀನಿ. ಕೆಲಸ ಕೊಟ್ರಿ, ಅದಕ್ಕ ಈಕಿ ದುಡದಾಳ. ಆದ್ರ ಬಾಣಂತಿ ರಜಾ ನಿಮ್ಮ ಮನಿ ಗಂಟಲ್ಲರೀ! ಅದು ಕಾನೂನಿಂದಂತ, ಓದಿದ ನನ್ನ ಸೊಸಿ ಹೇಳ್ತಾಳ. ಅಂದು ನಾ ಕೊಟ್ಟ ಮಾತು ವಾಪಸ್ ತಗೊಂಡೀನಿ. ಈಕಿ ಒಳಗ ಕುಂತು ಕೆಲಸ ಮಾಡ್ತಾಳ, ರಜಾ ತಗೋತಾಳ, ಹಡದು ಮತ್ತ ಬರ್ತಾಳ. ಆಗಾಂಗಿಲ್ಲ ಅಂದ್ರ ಈಗ ಹೇಳಿಬಿಡ್ರಿ, ಅತ್ತಿ ಸೊಸಿ ಇಬ್ರೂ ಇಲಾಖಿಗೆ ಹೋಗಿ ಕೇಳ್ತೀವಿ. ಹೊಸಪೇಟಿ ಬಸ್ ಬರೋ ಹೊತ್ತಾತು."

ಸಿದ್ದಲಿಂಗೇಶ ರಾಕ್ಷಸನೇನಲ್ಲ. ಸುತ್ತಲಿನ ಯಾರ್ಡುಗಳಲ್ಲಿ ಹೇಗೆ ನಡೆಯುತ್ತಿತ್ತೋ ಹಾಗೆಯೇ ಇವನೂ ನಡೆಸಿದ್ದ, ಅಷ್ಟೇ. ಆದರೆ ಊರಮ್ಮ ಹೋಗುತ್ತೇನೆ ಅಂದರೆ ಹೋಗುವವಳೇ ಅನ್ನುವುದು ಅವನಿಗೆ ಗೊತ್ತಿತ್ತು. ಇಲಾಖೆಯವರು ಒಮ್ಮೆ ಗೇಟಿನ ಒಳಗೆ ಕಾಲಿಟ್ಟರೆ ಬರೀ ಒಂದು ವಿಷಯ ನೋಡಿಕೊಂಡು ಹೋಗುವವರಲ್ಲ ಅನ್ನುವುದೂ ಗೊತ್ತಿತ್ತು. ಧಣಿಗಳಿಗೆ ಫೋನು ಹಚ್ಚಿ ಬಹಳ ಹೊತ್ತು ಮೆಲುದನಿಯಲ್ಲಿ ಮಾತಾಡಿದ. ಆಮೇಲೆ ಗಾಯತ್ರಿಯ ಕಡೆ ನೋಡದೆಯೇ, "ಒಳಗ ಕುಂದ್ರಮ್ಮ. ರಜಾ ಅರ್ಜಿ ಬರಕೊಡು, ಸಹಿ ಹಾಕ್ತೀನಿ," ಅಂದ.

ಹೊರಗೆ ಬಂದದ್ದೇ ತಡ, ಗಾಯತ್ರಿ ಅತ್ತೆಯ ಕಾಲು ಹಿಡಿದುಕೊಂಡಳು. "ನಿಮ್ಮನ್ನ ಏನೇನೋ ಅಂದ್ನಲ್ಲ ಅತ್ತಿ... ನನಗ ಒಂದ ಮಾತು ಹೇಳಬಾರದಾಗಿತ್ತೇನ್ರಿ?"

"ಏಳು, ಏಳು. ಹೊಟ್ಟಿ ಒತ್ತತೈತಿ," ಊರಮ್ಮ ಅವಳನ್ನು ಎತ್ತಿ ನಿಲ್ಲಿಸಿದಳು. "ಹೆಂಗ ಹೇಳಲಿ? ಕೇಳಿದೋರು, ನಿನಗ ಕೂಸಿಗಿಂತ ಕೆಲಸ ಹೆಚ್ಚಾತೇನ ಅಂತಾರ. ನಾನೂ ನಿನಗ ಅದನ್ನ ಅಂದ್ನಲ್ಲವ್ವ... ನಡಿ, ರೊಟ್ಟಿ ತಣ್ಣಗಾಗ್ತಾವು." ಕೊಟ್ರಮ್ಮನನ್ನೂ ಕೂಡಿಸಿಕೊಂಡು ಮೂವರೂ ಒಂದೇ ಬುತ್ತಿಯಲ್ಲಿ ಉಂಡರು. ಹೆತ್ತವ್ವನನ್ನು ಬಾಲ್ಯದಲ್ಲೇ ಕಳೆದುಕೊಂಡಿದ್ದ ಗಾಯತ್ರಿ ಅಂದು ಅತ್ತೆ ಮುರಿದು ಕೊಟ್ಟ ರೊಟ್ಟಿಯನ್ನೆಲ್ಲ ಉಂಡಳು. ದೇವರು ನನಗೆ ಇಂಥ ಅತ್ತೆಯನ್ನು ಕೊಟ್ಟನಲ್ಲ ಅಂತ ಅವಳ ಮನಸ್ಸು ತುಂಬಿ ಬಂದಿತ್ತು.

ಊರಮ್ಮ ಸೊಸೆಯನ್ನು ತವರಿಗೆ ಕಳಿಸಲಿಲ್ಲ. ಹೊಸಪೇಟೆ ಆಸ್ಪತ್ರೆಯಲ್ಲಿ ಸುಖವಾಗಿ ಹೆರಿಗೆಯಾಗಿ ಹೆಣ್ಣುಮಗು ಮನೆಗೆ ಬಂತು. ಗಾಯತ್ರಿ ಬಾಣಂತಿ ಕೋಣೆಯಲ್ಲಿ ಮಲಗಿದ್ದಾಗಲೂ ಪಗಾರ ತಪ್ಪಲಿಲ್ಲ. ಒಂದು ಮಧ್ಯಾಹ್ನ ಊರಮ್ಮ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾಗ ಗಾಯತ್ರಿ ಅಂಜುತ್ತಲೇ ಕೇಳಿದಳು.

"ಅತ್ತಿ, ಆಕಿಗೆ ಏನಂತ ಹೆಸರಿಟ್ಟಿದ್ರಿ?"

ಯಾರಿಗೆ ಅಂತ ಊರಮ್ಮ ಕೇಳಲಿಲ್ಲ. "ಹೆಸರಿಡಾಕ ಪುರಸೊತ್ತು ಎಲ್ಲಿತ್ತವ್ವ... ತೊಟ್ಟಿಲಿಗೆ ಹಾಕೋ ದಿನಾನೂ ನಾ ಗುಡ್ಡದಾಗ ಇದ್ದೆ."

"ಹಂಗಾದ್ರ ಈಕಿ ಹೆಸರು ನೀವ ಹುಡುಕ್ರಿ. ಅವಸರ ಇಲ್ಲ. ನನಗ ಇನ್ನಾ ರಜಾ ಐತಿ," ಅಂದಳು ಗಾಯತ್ರಿ. ಊರಮ್ಮ ಮಗುವಿನ ಪಾದಕ್ಕೆ ಮುಖ ಒತ್ತಿಕೊಂಡು ಬಹಳ ಹೊತ್ತು ಕೂತಳು.

ತೊಟ್ಟಿಲಿಗೆ ಹಾಕುವ ದಿನ ಎಮ್ಮಿಗನೂರಿನಿಂದ ಗಾಯತ್ರಿಯ ಅಣ್ಣ ತೊಟ್ಟಿಲು ತಂದ. ಮಾರುತೇಶ್ ಲಾರಿ ಬಿಟ್ಟು ಬಂದಿದ್ದ. ಅವ್ವನ ಎದುರಿಗೂ ಹೆಂಡತಿಯ ಎದುರಿಗೂ ತಲೆ ತಗ್ಗಿಸಿಕೊಂಡೇ ನೀರು ಹೊರುತ್ತಿದ್ದ. ಓಣಿಯ ಹೆಂಗಸರೆಲ್ಲ ಸೇರಿದ ಮೇಲೆ ನೆರೆಮನೆಯ ಜಂಬಮ್ಮ, "ಕಿವಿಯಾಗ ಹೆಸರು ಹೇಳೋ ಸೋದರತ್ತಿ ಎಲ್ಲದಾಳ? ಕರೀರಿ," ಅಂದಳು. ಸೋದರತ್ತೆ ಅಂದರೆ ಮಗುವಿನ ಅಪ್ಪನ ತಂಗಿ. ಮಾರುತೇಶನಿಗೆ ತಂಗಿ ಎಲ್ಲಿ? ಊರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಲು ತಿರುಗಿದಳು. ಯಾರೋ ದೂರದ ಸಂಬಂಧದವಳೊಬ್ಬಳು, "ನಾ ಹೇಳ್ಲೇನು?" ಅಂತ ಮುಂದೆ ಬಂದಳು.

"ಬ್ಯಾಡ್ರಿ," ಅಂದಳು ಗಾಯತ್ರಿ. "ಈಕಿಗೆ ಸೋದರತ್ತಿ ಅದಾಳ. ಆಕಿ ಪರವಾಗಿ ಆಕಿಯವ್ವ ಹೇಳ್ತಾಳ. ಬರ್ರಿ ಅತ್ತಿ."

ಊರಮ್ಮ ನಿಂತಲ್ಲೇ ನಿಂತಳು. ಮಾರುತೇಶ್ ಹೋಗಿ ಅವ್ವನ ಕೈ ಹಿಡಿದು ತೊಟ್ಟಿಲ ಹತ್ತಿರ ಕರೆತಂದ. ಅವಳು ಬಾಗಿ ಮಗುವಿನ ಕಿವಿಗೆ ಬಾಯಿಟ್ಟು ಏನೋ ಅಂದಳು. ಯಾರಿಗೂ ಕೇಳಿಸಲಿಲ್ಲ. "ಜೋರಾಗಿ ಹೇಳಬೇ!" ಅಂತ ಹೆಂಗಸರು ಕೂಗಿದರು. ಆಗ ಕಂಡಕ್ಟರನನ್ನು ಹೆದರಿಸುವ ಆ ದನಿಯಲ್ಲಿ ಊರಮ್ಮ ಓಣಿಗೆಲ್ಲ ಕೇಳುವಂತೆ ಹೇಳಿದಳು, "ತ್ರಿವೇಣಿ!"

ಹೆಸರು ಕರೆದ ಸೋದರತ್ತೆಯ ಬೆನ್ನಿಗೆ ಸುತ್ತ ನಿಂತವರು ನಗುತ್ತಾ ಗುದ್ದುವುದು ಪದ್ಧತಿ. ಇಂಥ ಅವಕಾಶ ಬಿಡುವವರು ಯಾರು? ಊರಮ್ಮನ ಬಾಯಿಗೆ ಸಿಕ್ಕಿ ನೊಂದವರೆಲ್ಲ ಸೇರಿ ದಬದಬ ಗುದ್ದಿದರು.

"ಮೆಲ್ಲಕ ಹೊಡೀರೇ! ನಮ್ಮತ್ತಿಗೆ ವಯಸ್ಸಾಗೈತಿ!" ಗಾಯತ್ರಿ ಅಡ್ಡ ಕೈ ಚಾಚಿದಳು.

ಊರಮ್ಮ ಸೊಸೆಯ ಕೈ ಸರಿಸಿದಳು. ಕಣ್ಣೀರು ಧಾರಾಕಾರ ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು.

"ಹೊಡೀಲಿ ಬಿಡವ್ವ," ಅಂದಳು. "ಇವು ನನ್ನ ಮಗಳ ಪಾಲಿನವು."