ಹೂಂ ಎಂದವರ ಹೊನ್ನು

ಬಹಳ ಹಿಂದೆ, ಕಾಗೆಗೂ ದಾರಿ ತಪ್ಪುವಷ್ಟು ದೂರದಲ್ಲಿ ಹೊಂಬಾಳೆ ಎಂಬ ರಾಜ್ಯವಿತ್ತು. ಅಲ್ಲಿಯ ಹೊನ್ನಿಗೆ ಒಂದು ವಿಚಿತ್ರ ಗುಣ. ಮಡಕೆಯಲ್ಲಿ ಸುಮ್ಮನೆ ಇಟ್ಟರೆ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿತ್ತು. ಹಾಗಾಗಿ ಹೊನ್ನನ್ನು ಎಲ್ಲಾದರೂ ದುಡಿಯಲು ಹಾಕಲೇಬೇಕಿತ್ತು. ಎಲ್ಲಿ ಹಾಕಬೇಕೆಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದು ಒಪ್ಪಿಕೊಳ್ಳುವವರೂ ಇರಲಿಲ್ಲ. ದೊಡ್ಡವರು ಏನು ಹೇಳಿದರೂ, ತಿಳಿಯಲಿ ಬಿಡಲಿ, ತಲೆಯಾಡಿಸಿ ‘ಹೂಂ’ ಎನ್ನುವುದೇ ಆ ಜನರ ಮರ್ಯಾದೆ. ‘ತಿಳಿಯಲಿಲ್ಲ’ ಎಂದವನಿಗೆ ಹೆಣ್ಣು ಕೊಡುವವರೂ ಇರಲಿಲ್ಲವಂತೆ.

ಆ ರಾಜ್ಯದಲ್ಲಿ ಕೊಂಬಿನ ಬಾಚಣಿಗೆ ಮಾಡುವ ಓಬಣ್ಣನೆಂಬ ಹುಡುಗನಿದ್ದ. ತಾಯಿ ತಂದೆ ಇಲ್ಲದ ಅವನನ್ನು ಸಾಕಿದವಳು ಅಕ್ಕ ಈರಕ್ಕ. ಇಬ್ಬರೂ ಹೊಟ್ಟೆ ಬಟ್ಟೆ ಕಟ್ಟಿ ಒಂದು ಚೀಲ ಹೊನ್ನು ಕೂಡಿಸಿದ್ದರು. ಅದು ತೆಳ್ಳಗಾಗುವುದನ್ನು ನೋಡಲಾರದೆ ಈರಕ್ಕ ಇಮ್ಮಡಿನಾಥನೆಂಬ ಮಾಂತ್ರಿಕನ ಗಾಜಿನ ಅರಮನೆಗೆ ಒಯ್ದಳು. ಅಮಾವಾಸ್ಯೆಯೊಳಗೆ ಎರಡರಷ್ಟು ಮಾಡಿಕೊಡುತ್ತೇನೆಂದು ಅವನು ಏನೇನೋ ವಿವರಿಸಿದ. ಈರಕ್ಕ ‘ಹೂಂ’ ಎಂದಳು. ಅಮಾವಾಸ್ಯೆ ಬಂತು, ಹೊನ್ನು ಬರಲಿಲ್ಲ. ಕೇಳಲು ಹೋದವಳು ಗೊರವಂಕ ಹಕ್ಕಿಯಾಗಿ ಅವನ ಪಂಜರ ಸೇರಿದಳು. ಅವಳಂಥವರು ಅಲ್ಲಿ ಬೇಕಾದಷ್ಟು ಜನ. ಆ ಹಕ್ಕಿಗಳಿಗೆ ಬರುತ್ತಿದ್ದ ಮಾತು ‘ಹೂಂ’ ಒಂದೇ. ದೀಪಾವಳಿಯೊಳಗೆ ಬಿಡಿಸದಿದ್ದರೆ ತಾವು ಮನುಷ್ಯರಾಗಿದ್ದುದನ್ನೇ ಅವು ಮರೆಯುತ್ತಿದ್ದವು.

ದೀಪಾವಳಿ ಹತ್ತಿರದಲ್ಲೇ ಇತ್ತು. ಓಬಣ್ಣ ಮನಸಾರೆ ಅತ್ತು, ಬುತ್ತಿ ಕಟ್ಟಿಕೊಂಡು ಹೊರಟ.

ತಿಳಿಯದೆ ‘ಹೂಂ’ ಎಂದವರನ್ನು ಹಕ್ಕಿಯಾಗಿಸುವ ಮಾಂತ್ರಿಕನ ಮಾಟ ಅರಮನೆಯ ದಾರಿಯ ಕಾಡಿಗೂ ಹಬ್ಬಿತ್ತು. ಕಾಡಿನ ಬಾಯಲ್ಲೇ ಹುತ್ತದ ಮೇಲೆ ಮುದಿ ಸರ್ಪವೊಂದು ಹೆಡೆಯೆತ್ತಿ ಕೂತಿತ್ತು.

“ಹೊನ್ನನ್ನು ಹೂತಿಡು. ಯಾರನ್ನೂ ನಂಬಬೇಡ. ತಿಳಿಯಿತೇನೋ?” ಎಂದಿತು ಸರ್ಪ.

ಅದು ಕಾಯುತ್ತಿದ್ದ ಕೊಪ್ಪರಿಗೆಯ ನಾಣ್ಯಗಳೆಲ್ಲ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿದ್ದವು. ಕಾದು ಕೂತದ್ದಕ್ಕೇ ಹೀಗಾಯಿತಲ್ಲ ಎಂದು ಓಬಣ್ಣನಿಗೆ ಅನ್ನಿಸಿತು. ಆದರೆ ವಯಸ್ಸಾದ ಸರ್ಪ, ಎದುರು ಮಾತಾಡುವುದು ಹೇಗೆ? “ಹೂಂ” ಎಂದ. ತಕ್ಷಣ ಅವನ ಎಡತೋಳಿನ ತುಂಬ ಗರಿ ಮೂಡಿತು.

ಹೆದರಿ ಓಡಿದ. ಮುಂದೆ ಮಾತಾಡುವ ಕುರಿಗಳ ಮಂದೆಯೊಂದು ಬೋಳುಗುಡ್ಡದ ಕಡೆ ನುಗ್ಗುತ್ತಿತ್ತು. ಚಿನ್ನದ ಕೊಂಬಿನ ಟಗರು ಕೂಗಿತು: “ಬೇಗ ಬಾರೋ! ಈ ಗುಡ್ಡಕ್ಕೆ ನಿನ್ನೆ ಒಂದು ಹೊನ್ನು, ಇವತ್ತು ಹತ್ತು, ನಾಳೆ ನೂರು! ಇದ್ದದ್ದನ್ನೆಲ್ಲ ಸುರಿ!”

“ಗುಡ್ಡದಲ್ಲಿ ಏನು ಬೆಳೆಯುತ್ತೆ?”

“ಎಲ್ರೂ ಕೊಳ್ತಿದಾರೆ, ಇನ್ನೇನು ಬೆಳೀಬೇಕು? ತಿಳೀತಾ?”

ಅಷ್ಟು ಕುರಿಗಳು ಒಟ್ಟಿಗೆ ನೋಡುವಾಗ ಇಲ್ಲವೆನ್ನಲು ನಾಚಿಕೆಯಾಯಿತು. “ಹೂಂ” ಎಂದ. ಬಲತೋಳಿಗೂ ಗರಿ ಬಂತು.

ಒಬ್ಬರು ಏನನ್ನೂ ಕೊಡಬೇಡ ಎಂದರು, ಒಬ್ಬರು ಎಲ್ಲ ಕೊಡು ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು ಅವನ ಪಾಡು. ತಲೆ ಗಿರ್ರೆಂದು, ಹೊಳೆಯ ದಂಡೆಯಲ್ಲಿ ಕುಸಿದು ಕೂತ. ಅಲ್ಲಿ ನೀರು ಕುಡಿಯುತ್ತಿದ್ದ ಮುದುಕಿ ಆನೆಯೊಂದು ಅವನ ಕತೆ ಕೇಳಿತು.

“ನೋಡು ಮಗಾ, ಸ್ವಲ್ಪ ಹೊನ್ನು ಕಷ್ಟಕಾಲಕ್ಕೆ ಮನೇಲಿರಲಿ. ಉಳಿದದ್ದರಲ್ಲಿ ಸ್ವಲ್ಪ ಹಸುವಿಗೆ, ಸ್ವಲ್ಪ ಗಾಣಕ್ಕೆ, ಸ್ವಲ್ಪ ಹೊಲಕ್ಕೆ ಹಾಕು. ಒಂದು ಮಲಗಿದರೂ ಇನ್ನೊಂದು ಕೈ ಹಿಡಿಯುತ್ತೆ. ಬಂದ ಲಾಭ ತಿಂದುಹಾಕಬೇಡ. ಹಸುವಿಗೆ ಕರು, ಆ ಕರುವಿಗೊಂದು ಕರು, ಹಾಗೆ ಬೆಳೆಯೋಕೆ ಬಿಡು. ಆಮೇಲೆ ಕಾಯಬೇಕು. ತಿಳೀತಾ?”

ಓಬಣ್ಣನ ತುಟಿ ಆಗಲೇ ಕೊಕ್ಕಿನಂತೆ ಗಟ್ಟಿಯಾಗುತ್ತಿತ್ತು. ಇನ್ನೊಂದು ‘ಹೂಂ’ ಎಂದರೆ ಅಕ್ಕನನ್ನು ಬಿಡಿಸಲು ಯಾರೂ ಉಳಿಯುವುದಿಲ್ಲ.

“ಇಲ್ಲ ಅಜ್ಜಿ,” ಎಂದು ಬಿಕ್ಕಿದ. “ನಂಗೇನೂ ತಿಳೀಲಿಲ್ಲ.”

ಎಡತೋಳಿನ ಗರಿ ಉದುರಿತು. ಆನೆ ಮತ್ತೆ ಹೇಳಿತು. “ಇನ್ನೂ ಇಲ್ಲ” ಎಂದ. ಬಲತೋಳಿನದೂ ಉದುರಿತು, ತುಟಿ ಮೆತ್ತಗಾಯಿತು. ಆನೆ ಬೇಸರಿಸದೆ ಮತ್ತೊಮ್ಮೆ ಹೇಳಿತು.

“ಗಾಣದ್ದು ಗೊತ್ತಾಯ್ತು. ಕರುವಿನ ಕರುದು ಇನ್ನೂ ಗೋಜಲು.”

“ಅರ್ಧ ತಿಳಿದರೂ ಸಾಕು ಇವತ್ತಿಗೆ. ಹಸು ಹಾಲು ಕೊಡುತ್ತೆ, ಗಾಣ ಎಣ್ಣೆ ಕೊಡುತ್ತೆ. ಯಾರೇ ಹೊನ್ನು ಕೇಳಲಿ, ಲಾಭ ಎಲ್ಲಿಂದ ಬರುತ್ತೆ ಅಂತ ಕೇಳು. ತಿಳಿಯೋವರೆಗೂ ಬಿಡಬೇಡ.”

ಗಾಜಿನ ಅರಮನೆಯಲ್ಲಿ ಹೊನ್ನಿನ ಚೀಲ ಹಿಡಿದ ಜನ ಕಿಕ್ಕಿರಿದಿದ್ದರು. ಪಂಜರದ ಹಕ್ಕಿಗಳು ಒಂದೇ ಸಮನೆ ಹೂಂಗುಟ್ಟುತ್ತಿದ್ದವು. ಅವುಗಳಲ್ಲಿ ಅಕ್ಕ ಯಾರೆಂದು ಓಬಣ್ಣನಿಗೆ ಗೊತ್ತಾಗಲಿಲ್ಲ.

“ಸ್ವಾಮಿ, ನೀವು ಕೊಡೋ ಲಾಭ ಎಲ್ಲಿಂದ ಬರುತ್ತೆ?” ಎಂದು ಕೇಳಿದ.

ಇಮ್ಮಡಿನಾಥ ನಕ್ಕ. “ನವಗ್ರಹಗಳ ಧನಾಕರ್ಷಣ ಚಕ್ರದ ಅಂತರ್ಗತ ಆವರ್ತನದಿಂದ. ತಿಳಿಯಿತಷ್ಟೆ?”

“ಇಲ್ಲ ಸ್ವಾಮಿ.”

ಒಂದು ಗೋಡೆ ಚಟ್ಟೆಂದು ಬಿರುಕು ಬಿಟ್ಟಿತು. ಸಭೆಯಲ್ಲಿ ಕೆಲವರು ಕಿಸಕ್ಕೆಂದರು. ಓಬಣ್ಣನ ಕಿವಿ ಕೆಂಪಾಯಿತು. ಮಾಂತ್ರಿಕ ಇನ್ನೂ ದೊಡ್ಡ ಮಾತುಗಳಲ್ಲಿ ವಿವರಿಸಿದ. “ತಿಳೀಲಿಲ್ಲ ಸ್ವಾಮಿ.” ಇನ್ನೊಂದು ಗೋಡೆ ಬಿರಿಯಿತು.

“ಇಷ್ಟು ಜನ ಬುದ್ಧಿವಂತರಿಗೆ ತಿಳಿದದ್ದು ನಿನಗೊಬ್ಬನಿಗೆ ತಿಳಿಯಲಿಲ್ಲವೇ?” ಎಂದು ಮಾಂತ್ರಿಕ ಗುಡುಗಿದ.

ಆಗ ಹಿಂದಿನಿಂದ ಒಬ್ಬ ಮುದುಕಿ, “ನಂಗೂ ತಿಳೀಲಿಲ್ಲ ಕಣಪ್ಪಾ, ಕೇಳೋಕೆ ನಾಚ್ಕೆ ಆಯ್ತು” ಎಂದಳು. “ನಂಗೂ ಇಲ್ಲ”, “ನಂಗೂ ಇಲ್ಲ” ಎಂದು ಸಭೆಯೇ ಎದ್ದು ನಿಂತಿತು. ಹೂಂ ಎನ್ನುವವರಿಲ್ಲದ ಮೇಲೆ ಮಾಂತ್ರಿಕನ ಮಂತ್ರ ನಡೆಯುವುದೆಲ್ಲಿಂದ? ಅವನ ಬಾಯಿಂದ ನಿಜ ತಾನಾಗಿ ಉದುರಿತು:

“ಬೆಳೆಯೋದೂ ಇಲ್ಲ, ಗಿಳೆಯೋದೂ ಇಲ್ಲ! ಇವತ್ತು ಬಂದವರ ಹೊನ್ನನ್ನೇ ನಿನ್ನೆ ಬಂದವರಿಗೆ ಕೊಡ್ತಿದ್ದೆ!”

ಹಾಗೆಂದವನೇ ಹೊಗೆಯಾಗಿ ಹೋದ. ಅರಮನೆ ಪುಡಿಯಾಯಿತು. ಹಕ್ಕಿಗಳೆಲ್ಲ ಮನುಷ್ಯರಾಗಿ ನೆಲಕ್ಕಿಳಿದರು. ಭಂಡಾರದಲ್ಲಿ ಉಳಿದ ಅಷ್ಟಿಷ್ಟು ಹೊನ್ನನ್ನು ಎಲ್ಲರೂ ಹಂಚಿಕೊಂಡರು. ಈರಕ್ಕನ ಪಾಲಿಗೆ ಚೀಲದ ಬದಲು ಒಂದು ಬೊಗಸೆ ಬಂತು.

ಮನೆಯ ದಾರಿ ಹಿಡಿದರೂ ಅವಳು ಮಾತಾಡಲಿಲ್ಲ. ಅಕ್ಕನಿಗೆ ಮಾತೇ ಮರೆತುಹೋಯಿತೇನೋ ಎಂದು ಓಬಣ್ಣ ಹೆದರಿದ. ಆ ಭಯಕ್ಕೇ ಆನೆ ಹೇಳಿದ್ದನ್ನೆಲ್ಲ ಬಡಬಡನೆ ಹೇಳಿದ. ಹಸುವಿನ ಮಾತು ಗಾಣಕ್ಕೆ ಸೇರಿತು, ಗಾಣದ್ದು ಹೊಲಕ್ಕೆ ಸೇರಿತು. ಕೊನೆಗೆ ಅಂಜುತ್ತ ಕೇಳಿದ: “ತಿಳೀತೇನಕ್ಕಾ?”

ಈರಕ್ಕ ನಿಂತಳು. ಅಭ್ಯಾಸಬಲದಿಂದ ಅವಳ ತಲೆ ಅಲ್ಲಾಡಿತು, ತುಟಿ ಮುಂದೆ ಬಂತು.

“ಇಲ್ಲ ಕಣೋ,” ಎಂದಳು. “ಒಂದಕ್ಷರಾನೂ ತಿಳೀಲಿಲ್ಲ. ಮೊದಲಿಂದ ಹೇಳು.”

ಓಬಣ್ಣ ಗೊಳೋ ಎಂದು ಅತ್ತುಬಿಟ್ಟ. ಮೊದಲಿಂದ ಹೇಳಿದ, ಕರುವಿನ ಕರುವಿನಲ್ಲಿ ಮತ್ತೆ ಎಡವಿದ, ಅವಳು ಮತ್ತೆ ಕೇಳಿದಳು. ಹೀಗೆ ಕೇಳುತ್ತ ಹೇಳುತ್ತ ಮನೆ ತಲುಪಿ, ಒಂದು ಹಸು ಕೊಂಡು, ಅಕ್ಕ ತಮ್ಮ ಬಹುಕಾಲ ಸುಖವಾಗಿ ಬಾಳಿದರು.